ಕೊಚ್ಚಿಯ ಕೆಸರಿನ ಮೇಲೆ ತಡವಾಗಿ ಬಿದ್ದ ಕಣ್ಣು

ಮುಂಗಾರು ಇನ್ನೂ ಪೂರ್ತಿ ಹಿಂದೆ ಸರಿದಿರುವುದಿಲ್ಲ. ಆಗಸ್ಟ್ ಮುಗಿಯುವ ಹೊತ್ತಿಗಾಗಲೇ ಕೊಚ್ಚಿಯ ವೈಪಿನ್ ದ್ವೀಪದ ಕಡಲಂಚಿನಲ್ಲಿ ಮೊದಲ ಮರಳು ಗೊರವಗಳು ಓಡಾಡುತ್ತಿರುತ್ತವೆ. ಟಿಬೆಟ್, ಲಡಾಖ್‌ಗಳ ಎತ್ತರದ ಬಯಲಲ್ಲಿ ಮರಿ ಮಾಡಿ ಬಂದ ಹಕ್ಕಿಗಳಿವು. ಮೊದಲು ಬರುವುದು ದೊಡ್ಡವು. ಎದೆಯ ಮೇಲಿನ ಇಟ್ಟಿಗೆಗೆಂಪು ಮಾಸಿ, ಗರಿ ಸವೆದಿರುತ್ತವೆ. ಆ ವರ್ಷವೇ ಹುಟ್ಟಿದ ಮರಿಗಳು ಕೆಲವು ವಾರ ಕಳೆದು, ದಾರಿ ತೋರಿಸುವವರಿಲ್ಲದೆ, ತಾವಾಗಿಯೇ ಬಂದು ಸೇರುತ್ತವೆ. ಅಕ್ಟೋಬರ್ ಹೊತ್ತಿಗೆ ತಿರುವನಂತಪುರಂ ಹೊರವಲಯದ ಪುಂಚಕ್ಕರಿ ಗದ್ದೆಗಳ ಮೇಲೆ ಜೌಗು ಸೆಳೆವ ಎಂಬ ಬೇಟೆ ಹಕ್ಕಿ ತಗ್ಗಾಗಿ ತೇಲುತ್ತಾ ಬೇಟೆ ಹುಡುಕತೊಡಗುತ್ತದೆ.

ಈ ಬರುವಿಕೆ ಮನುಷ್ಯರ ನೆನಪಿಗಿಂತ ಹಳೆಯದು. ಅದರ ಬರಹದ ಲೆಕ್ಕ ಮಾತ್ರ ತೀರ ಈಚಿನದು, ಅದೂ ಬೆಟ್ಟದಿಂದ ಶುರುವಾಗಿ ಕಡಲಿಗೆ ಬಹಳ ತಡವಾಗಿ ಇಳಿದದ್ದು.

ತಿರುವಾಂಕೂರಿನ ಹಕ್ಕಿಗಳ ಮೊದಲ ಪಟ್ಟಿಗಳ ಹೆಸರುಗಳೇ ಇದನ್ನು ಹೇಳುತ್ತವೆ. 1876ರಲ್ಲಿ ಎ. ಓ. ಹ್ಯೂಮ್ ತಮ್ಮ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಫ್ರಾಂಕ್ ಬೋರ್ಡಿಲ್ಲನ್ ಜೊತೆಗೂಡಿ ಪ್ರಕಟಿಸಿದ್ದು ‘ತಿರುವಾಂಕೂರು ಬೆಟ್ಟಗಳ’ ಹಕ್ಕಿಗಳ ಪಟ್ಟಿ. ಬೋರ್ಡಿಲ್ಲನ್ ತೋಟಗಾರ, ಅವನ ಮನೆಯ ಸುತ್ತ ಇದ್ದದ್ದು ಕಾಡು. 1903-04ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಇಡೀ ತಿರುವಾಂಕೂರಿನ ಹಕ್ಕಿಗಳ ಬಗ್ಗೆ ಬರೆದವರು ಇಬ್ಬರು: ತಿರುವನಂತಪುರಂ ಮ್ಯೂಸಿಯಮ್ಮಿನ ಮುಖ್ಯಸ್ಥ ಹೆರಾಲ್ಡ್ ಫರ್ಗುಸನ್ ಮತ್ತು ಅರಣ್ಯಾಧಿಕಾರಿ ಟಿ. ಎಫ್. ಬೋರ್ಡಿಲ್ಲನ್. ಹೊಸದು, ಅಪರೂಪದ್ದು, ಇಲ್ಲಿ ಬಿಟ್ಟು ಬೇರೆಲ್ಲೂ ಸಿಗದ್ದು ಏನಿದ್ದರೂ ಘಟ್ಟದಲ್ಲಿತ್ತು. ಕಡಲಂಚಿನ ಗೊರವಗಳೋ ಇಂಗ್ಲೆಂಡಿನ ಅಳಿವೆಗಳಲ್ಲೂ ಕಾಣಸಿಗುವ ಜಾತಿಯವು, ಇಲ್ಲವೇ ಅವುಗಳ ಹತ್ತಿರದ ನೆಂಟರು. ಬೂದು ಬಣ್ಣದ, ಒಂದರಂತೆ ಇನ್ನೊಂದು ಕಾಣುವ ಆ ಸಣ್ಣ ಹಕ್ಕಿಗಳಿಗಾಗಿ ಕೆಸರಿಗಿಳಿಯುವ ಆಸೆ ಆ ಕಾಲದ ಸಂಗ್ರಾಹಕರಿಗೆ ಹುಟ್ಟಲಿಲ್ಲ.

ಒಂದು ವಲಸೆ ಹಕ್ಕಿಯನ್ನು ಮಾತ್ರ ಅವರು ತಪ್ಪದೆ ಕಾದು ಕೂರುತ್ತಿದ್ದರು. ಅದು ಸ್ನೈಪ್. ಅದೂ ಗೊರವಗಳ ಬಳಗದ್ದೇ. ದಕ್ಷಿಣ ಭಾರತದಲ್ಲೆಲ್ಲ ಬತ್ತದ ಗದ್ದೆಯ ಸ್ನೈಪ್ ಶಿಕಾರಿ ಬ್ರಿಟಿಷ್ ಅಧಿಕಾರಿಗಳ ದೊಡ್ಡ ಹವ್ಯಾಸ. ಸಣ್ಣ ಗಾತ್ರ, ಅಂಕುಡೊಂಕು ಹಾರಾಟ. ಹೊಡೆದು ಬೀಳಿಸುವುದು ಜಾಣ್ಮೆಯ ಪರೀಕ್ಷೆ. ಮೊದಲ ಸ್ನೈಪ್ ಯಾವತ್ತು ಬಂತು, ಚೂಪುಬಾಲದ್ದು ಮೊದಲೋ ಬೀಸಣಿಗೆ ಬಾಲದ್ದು ಮೊದಲೋ ಎಂಬುದು ಶಿಕಾರಿ ಡೈರಿಗಳಲ್ಲೂ ಪತ್ರಿಕೆಗಳ ಟಿಪ್ಪಣಿಗಳಲ್ಲೂ ದಾಖಲಾಗುತ್ತಿತ್ತು. ಆಗಮನದ ದಿನಾಂಕ ಬರೆದಿಡುವ ಅಭ್ಯಾಸ ಬೇರೂರಿದ್ದು ಕೋವಿ ಹಿಡಿದವರಲ್ಲಿ ಎಂಬುದನ್ನು ಒಪ್ಪಿಕೊಳ್ಳಬೇಕು.

1933ರಲ್ಲಿ ಸಲೀಂ ಅಲಿ ಬಂದರು. ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ನೆರವಿನಿಂದ ನಡೆದ ಆ ಸಮೀಕ್ಷೆ ಮರಯೂರಿನಲ್ಲಿ ಶುರುವಾಗಿ ಮುನ್ನಾರ್, ತಟ್ಟೇಕಾಡ್, ತೆನ್ಮಲ, ಪರಂಬಿಕುಳಂ, ನೆಲ್ಲಿಯಾಂಪತಿ ಎಂದು ಸಾಗಿತು. ಪತ್ನಿ ತೆಹಮಿನಾ ಜೊತೆಗಿದ್ದರು. ತಿರುವನಂತಪುರಂ ಮ್ಯೂಸಿಯಮ್ಮಿನ ಎನ್. ಜಿ. ಪಿಳ್ಳೈ ಕೂಡ ತಂಡದಲ್ಲಿದ್ದರು. 1935ರಿಂದ 37ರವರೆಗೆ ಕಂತುಕಂತಾಗಿ ಅಚ್ಚಾದ ಆ ವರದಿ 1953ರಲ್ಲಿ ಪುಸ್ತಕವಾಯಿತು, 1969ರಲ್ಲಿ ‘ಬರ್ಡ್ಸ್ ಆಫ್ ಕೇರಳ’ ಎಂಬ ಹೆಸರು ಪಡೆಯಿತು. ಕೇರಳದ ಪಕ್ಷಿಶಾಸ್ತ್ರ ಇವತ್ತಿಗೂ ನಿಂತಿರುವುದು ಅದೇ ಅಡಿಪಾಯದ ಮೇಲೆ. ಆದರೆ ಶಿಬಿರಗಳ ಹೆಸರು ಓದುತ್ತಾ ಹೋದರೆ ಇಲ್ಲೂ ಘಟ್ಟದ್ದೇ ಮೇಲುಗೈ.

ನಮ್ಮ ಕಡೆಯ ಕತೆಯೂ ಬೇರೆಯಲ್ಲ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆದರೆ ಆ ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಮಂಗಳೂರು ಮದರಾಸಿನವರ ಕೈಯಲ್ಲಿ, ಕಾರವಾರ ಬೊಂಬಾಯಿಯವರ ಕೈಯಲ್ಲಿ ಇದ್ದವು.

ಕೇರಳದಲ್ಲಿ ಚಿತ್ರ ಬದಲಿಸಿದ್ದು ಒಬ್ಬ ಇಂಗ್ಲಿಷ್ ಮೇಷ್ಟ್ರು. ಪಾಲಕ್ಕಾಡ್ ಜಿಲ್ಲೆಯ ಕಾವಶ್ಶೇರಿಯಲ್ಲಿ 1923ರಲ್ಲಿ ಹುಟ್ಟಿದ ಕೆ. ಕೆ. ನೀಲಕಂಠನ್, ‘ಇಂದುಚೂಡನ್’ ಎಂಬ ಹೆಸರಿನಲ್ಲಿ ಬರೆದ ‘ಕೇರಳತ್ತಿಲೆ ಪಕ್ಷಿಕಳ್’ 1958ರಲ್ಲಿ ಹೊರಬಂತು. ಅದಕ್ಕೂ ಮೊದಲೇ, ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಊರೊಂದರ ಬಗ್ಗೆ 1949ರಲ್ಲಿ ಬರೆದು ಅವರು ಪಕ್ಷಿತಜ್ಞರ ಗಮನ ಸೆಳೆದಿದ್ದರು. ಆದರೂ ಅವರ ದೊಡ್ಡ ಕೆಲಸ ಮಲಯಾಳಂ ಪುಸ್ತಕವೇ. ಕರಿತಪ್ಪಿ, ಮೇಡುತಪ್ಪಿ, ಚೋರಕ್ಕಾಲಿ, ವಾಳ್‌ಕೊಕ್ಕನ್ ಎಂದು ಮಲಯಾಳಿಗಳು ಇವತ್ತು ಸೆಳೆವಗಳನ್ನೂ ಗೊರವಗಳನ್ನೂ ತಮ್ಮ ಮಾತಿನಲ್ಲೇ ಕರೆಯುತ್ತಾ ಪಟ್ಟಿ ಬರೆಯುತ್ತಾರೆ. ಶಾಲಾ ಮೇಷ್ಟ್ರು, ಬ್ಯಾಂಕ್ ನೌಕರ, ಅಂಚೆಯಣ್ಣ ಯಾರಾದರೂ ಸರಿ, ಮನೆಯ ಹಿಂದಿನ ಗದ್ದೆಗೆ ಹೋಗಿ ಹಕ್ಕಿ ಗುರುತಿಸಿ ಬರೆದಿಡಬಹುದು ಎಂಬ ಧೈರ್ಯ ಕೊಟ್ಟದ್ದು ಆ ಪುಸ್ತಕ. ಕೋವಿಯಿಂದ ನೋಟ್‌ಬುಕ್ಕಿಗೆ ದಾಟಿದ ಹೆಜ್ಜೆ ಇದು. 1992ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕೇರಳದಲ್ಲಿ ಅವರ ಓದುಗರದೇ ಒಂದು ತಲೆಮಾರು ಬೈನಾಕ್ಯುಲರ್ ಹಿಡಿದು ನಿಂತಿತ್ತು.

ಆ ತಲೆಮಾರು ಕಡಲಿನತ್ತ ತಿರುಗುವ ಹೊತ್ತಿಗೆ ಕೊಚ್ಚಿಯ ಕೆಸರು ಹಳೆಯ ಕೆಸರಾಗಿ ಉಳಿದಿರಲಿಲ್ಲ. ಈ ನೆಲವೇ ನೀರು ಕೊಟ್ಟದ್ದು. 1341ರ ಪೆರಿಯಾರ್ ಪ್ರವಾಹ ಹಳೆಯ ಮುಚಿರಿ (ಮುಜಿರಿಸ್) ಸೀಮೆಯ ಬಂದರನ್ನು ಹೂಳಿನಿಂದ ಮುಚ್ಚಿ ಕೊಚ್ಚಿಯ ಅಳಿವೆಯನ್ನು ತೆರೆಯಿತೆಂದೂ, ಅದೇ ಹೂಳಿನಿಂದ ವೈಪಿನ್ ಎದ್ದಿತೆಂದೂ ಪ್ರತೀತಿ. ಆ ವರ್ಷದಿಂದ ‘ಪುದುವೈಪ್’ ಶಕೆಯನ್ನೇ ಎಣಿಸುತ್ತಿದ್ದರು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆ ಬಾಯಿಯ ಮರಳುದಿಬ್ಬ ಕಡಿಸಿ, ತೋಡಿದ ಮಣ್ಣಿನಿಂದ ಹಿನ್ನೀರಿನ ನಡುವೆ ವಿಲ್ಲಿಂಗ್ಡನ್ ದ್ವೀಪ ಎಬ್ಬಿಸಿದರು. ಈ ಶತಮಾನದಲ್ಲಿ ವಲ್ಲಾರ್‌ಪಾಡಂನಲ್ಲಿ ಕಂಟೇನರ್ ಟರ್ಮಿನಲ್ 2011ರಲ್ಲಿ, ಪುದುವೈಪಿನಲ್ಲಿ ಅನಿಲ ಟರ್ಮಿನಲ್ 2013ರಲ್ಲಿ ಬಂದವು. ನಗರದ ನಡುವೆ ಹೈಕೋರ್ಟಿನ ಹಿಂದಿರುವ ಮಂಗಳವನಂ ಎಂಬ ಕಾಂಡ್ಲಾ ತುಣುಕಿಗೆ 2004ರಲ್ಲಿ ಪಕ್ಷಿಧಾಮದ ಪಟ್ಟ ಸಿಕ್ಕಿತು. ಅದರ ವಿಸ್ತಾರ 2.74 ಹೆಕ್ಟೇರ್.

ಹಾಗಿದ್ದರೆ ಗೊರವಗಳು ಎಲ್ಲಿ ಉಣ್ಣುತ್ತವೆ? ಉತ್ತರ ಪೊಕ್ಕಾಳಿ ಗದ್ದೆಯಲ್ಲಿದೆ. ಕೊಚ್ಚಿಯಲ್ಲಿ ಉಬ್ಬರ-ಇಳಿತದ ಅಂತರ ಒಂದು ಮೀಟರಿನ ಆಸುಪಾಸು ಮಾತ್ರ. ಗುಜರಾತಿನ ಕಡಲಿನಂತೆ ಮೈಲಿಗಟ್ಟಲೆ ಕೆಸರು ಇಳಿತದಲ್ಲಿ ತೆರೆದುಕೊಳ್ಳುವುದಿಲ್ಲ. ಆ ಕೊರತೆ ತುಂಬುವುದು ರೈತರ ಒಡ್ಡು ಮತ್ತು ತೂಬು. ಮುಂಗಾರಿನ ಸಿಹಿನೀರಲ್ಲಿ ಉಪ್ಪು ತಾಳುವ ಪೊಕ್ಕಾಳಿ ಬತ್ತ ಬೆಳೆಯುತ್ತಾರೆ. ಅಕ್ಟೋಬರ್ ಸುಮಾರಿಗೆ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಆಮೇಲೆ ತೂಬು ತೆರೆದು ಉಪ್ಪುನೀರು ಒಳಬಿಟ್ಟರೆ, ಅದರೊಂದಿಗೆ ಸಿಗಡಿ ಮರಿಗಳು ಬಂದು ಕೊಳೆತ ಹುಲ್ಲಿನ ನಡುವೆ ಬೆಳೆಯುತ್ತವೆ. ನೀರು ಇಳಿಸಿದಾಗ ಹುಳುಹುಪ್ಪಟೆ ತುಂಬಿದ ತೆಳುಗೆಸರು ಮೇಲೆ ಬರುತ್ತದೆ. ಉತ್ತರದಿಂದ ಬರುವ ಹಕ್ಕಿಗಳ ಹಸಿವು, ಕೊಚ್ಚಿ ಬಳಿಯ ಕಡಮಕ್ಕುಡಿಯ ರೈತರ ಪಂಚಾಂಗ ಎರಡೂ ಹೀಗೆ ಒಂದೇ ಋತುವಿನಲ್ಲಿ ಕೂಡುತ್ತವೆ. ಪೊಕ್ಕಾಳಿ ಬಿಟ್ಟು ವರ್ಷವಿಡೀ ನೀರು ನಿಲ್ಲಿಸಿದರೆ, ಅಥವಾ ಮಣ್ಣು ತುಂಬಿ ಸೈಟು ಮಾಡಿದರೆ, ಹಕ್ಕಿಗೆ ಕಾಲೂರಲೂ ಜಾಗವಿರದು. ವಲಸೆ ಹಕ್ಕಿಯ ರಕ್ಷಣೆ ಎಂದರೆ ಬೇಲಿ ಹಾಕುವುದು ಎಂದುಕೊಂಡವರು ಒಮ್ಮೆ ಆ ಒಡ್ಡುಗಳ ಮೇಲೆ ನಡೆಯಬೇಕು.

ಬೇಟೆ ಹಕ್ಕಿಗಳ ಸಂಗತಿ ಬೇರೆ. ಜಾರ್ಜಿಯಾದ ಬತುಮಿಯಲ್ಲೋ ಥಾಯ್ಲೆಂಡಿನ ಚುಂಪೋನ್‌ನಲ್ಲೋ ಶರತ್ಕಾಲದಲ್ಲಿ ಗಿಡುಗ, ಹದ್ದುಗಳು ಹೊಳೆಯಂತೆ ಹರಿಯುತ್ತವೆ. ತಿರುವನಂತಪುರಂನಲ್ಲಿ ಅಂಥ ದೃಶ್ಯ ನಿರೀಕ್ಷಿಸಬಾರದು. ಬಿಸಿಗಾಳಿಯ ಸುಳಿ ಹಿಡಿದು ಮೇಲೇರುವ ಹಕ್ಕಿಗಳಿಗೆ ಕಡಲ ಮೇಲೆ ಆ ಸುಳಿ ಸಿಗದು. ಪರ್ಯಾಯ ದ್ವೀಪದ ತುದಿಗೆ ಬಂದವು ಬಹುಪಾಲು ಇಲ್ಲೇ ನಿಲ್ಲುತ್ತವೆ. ಹಾಗಾಗಿ ನೋಡುವವರು ಆಕಾಶಕ್ಕಿಂತ ಹೆಚ್ಚಾಗಿ ಗದ್ದೆ ನೋಡುತ್ತಾರೆ. ವೆಳ್ಳಾಯಣಿ ಕೆರೆಯಂಚು ಮತ್ತು ಪುಂಚಕ್ಕರಿಯಲ್ಲಿ ಜೌಗು ಸೆಳೆವ. ಅದೃಷ್ಟವಿದ್ದರೆ ಕಝಾಕಸ್ತಾನದ ಹುಲ್ಲುಗಾವಲು ಕಡೆಯ ಬಿಳಿಸೆಳೆವ.

ಕಡಲಿಗೆ ಹೆದರದ ಒಂದು ಡೇಗೆಯೂ ಇದೆ. ಅಮೂರ್ ಫಾಲ್ಕನ್. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಉಪಗ್ರಹ ಟ್ಯಾಗ್ ತೊಡಿಸಿದ ಹಕ್ಕಿಗಳು ಭಾರತದ ಪರ್ಯಾಯ ದ್ವೀಪ ದಾಟಿ, ಅರಬ್ಬೀ ಸಮುದ್ರದ ಮೇಲೆ ನಿಲ್ಲದೆ ಹಾರಿ ಆಫ್ರಿಕ ಸೇರಿದವು. ಅದೇ ಋತುವಿನಲ್ಲಿ ತುಲಾತುಂಬಿ ಎಂಬ ಕೊಡತಿಹುಳುಗಳೂ ಅದೇ ಗಾಳಿಯಲ್ಲಿ ಕಡಲು ದಾಟುತ್ತವೆ. ಡೇಗೆಗಳು ಅವನ್ನೇ ಬುತ್ತಿಯಾಗಿ ತಿನ್ನುತ್ತಿರಬಹುದೆಂದು ಮಾಲ್ದೀವ್ಸ್‌ನಲ್ಲಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಸೂಚಿಸಿದರು. ಕೇರಳದವರು ತುಲಾ ಮಾಸದಲ್ಲಿ ಅಂಗಳದ ಮೇಲೆ ಗುಂಪುಗುಂಪಾಗಿ ಕಾಣುವ ಹುಳು ಅದೇ.

ಸಲೀಂ ಅಲಿ ನಡೆದ ಜಾಗಗಳಿಗೆಲ್ಲ ಸುಮಾರು 75 ವರ್ಷಗಳ ನಂತರ, 2009ರಲ್ಲಿ, ಸಿ. ಶಶಿಕುಮಾರ್ ಮತ್ತು ಸಂಗಡಿಗರು ಮತ್ತೆ ಹೋದರು. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ರಾಜ್ಯವನ್ನು ಚೌಕಗಳಾಗಿ ಹಂಚಿಕೊಂಡು ಕೇರಳ ಪಕ್ಷಿ ಅಟ್ಲಾಸ್ ಸಿದ್ಧಪಡಿಸಿದರು. ಭಾರತದಲ್ಲಿ ರಾಜ್ಯವೊಂದರ ಇಂಥ ಮೊದಲ ಅಟ್ಲಾಸ್ ಅದು. ಕರಾವಳಿಯೂ ಈಗ ಕಣ್ಣಿಗೆ ಬಿದ್ದಿದೆ. ತ್ರಿಶೂರಿನ ಚಾವಕ್ಕಾಡ್ ಕಡಲತೀರದಲ್ಲಿ, ರಷ್ಯಾದ ಕಮ್ಚಟ್ಕಾದಲ್ಲಿ ಕಾಲಿಗೆ ಗುರುತು ಕಟ್ಟಿದ ಗ್ರೇಟ್ ನಾಟ್ ಗೊರವಗಳನ್ನು ಹವ್ಯಾಸಿಗಳೇ ಹಿಡಿದದ್ದು, ಕ್ಯಾಮೆರಾದಲ್ಲಿ. ಉತ್ತರ ಕೇರಳದ ಕಡಲುಂಡಿ ಅಳಿವೆಯಲ್ಲಿ ವರ್ಷಗಟ್ಟಲೆ ಎಣಿಸಿದವರ ಅಧ್ಯಯನಗಳು ಗೊರವಗಳು ಕಡಿಮೆಯಾಗುತ್ತಿರುವುದನ್ನು ತೋರಿಸಿವೆ. ಹೀಗೆ ಹೇಳಲು ಸಾಧ್ಯವಾದದ್ದು ಯಾರೋ ಪ್ರತಿ ವರ್ಷ ಬಿಡದೆ ಎಣಿಸಿದ್ದರಿಂದ.

ಇದೇ ಹಕ್ಕಿಗಳು ನಮ್ಮ ಕರಾವಳಿಗೂ ಬರುತ್ತವೆ. ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಅಲ್ಲಿನ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ 1898ರಲ್ಲೇ ಬರೆದಿದ್ದ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿ ಪೊಕ್ಕಾಳಿ ಗದ್ದೆಯ ಒಡಹುಟ್ಟು. ಅಲ್ಲಿ ಬೆಳೆಯುವುದು ಉಪ್ಪು ತಾಳುವ ಕಗ್ಗ ಬತ್ತ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದರಷ್ಟೇ ಸಾಲದು, ಮಾಣಿಕಟ್ಟೆಯ ಕಗ್ಗದ ರೈತರಿಗೆ ಒಡ್ಡು ಕಟ್ಟಿಕೊಳ್ಳಲು ಆಸರೆ ಬೇಕು, ಆಗಸ್ಟಿನಿಂದಲೇ ಅಲ್ಲಿ ನಿಂತು ಗೊರವ ಎಣಿಸುವ ಹುಡುಗ ಹುಡುಗಿಯರು ಕುಮಟಾ, ಹೊನ್ನಾವರ, ಅಂಕೋಲೆಯ ಕಾಲೇಜುಗಳಿಂದ ಬರಬೇಕು.