ಸೋತ ಯಂತ್ರವೊಂದರ ಚರಿತ್ರೆ

ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನನಗೆ, ಗೆದ್ದವರ ಚರಿತ್ರೆ ಬರೆಯಲು ಸಿಗುವಷ್ಟು ಕೈಗಳು ಸೋತವರ ಚರಿತ್ರೆಗೆ ಸಿಗುವುದಿಲ್ಲವೆಂಬುದು ಗೊತ್ತು. ಅರಸರ ವಿಷಯದಲ್ಲಿ ಹೇಗೋ ವಸ್ತುಗಳ ವಿಷಯದಲ್ಲಿಯೂ ಹಾಗೆಯೇ. ಬಿಕರಿಯಾಗದ ಸರಕನ್ನು ಅಂಗಡಿಯವರು ಬೇಗ ಮರೆಯುತ್ತಾರೆ. ಕೊಂಡು ಬಳಸಿದ ಮನೆಯವರು ಮರೆಯುವುದಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ, ಟಿ.ವಿ.ಯ ಕೆಳಗೆ ಅಂಥದೊಂದು ಕಪ್ಪು ಪೆಟ್ಟಿಗೆ ಇದೆ. ಅದು ‘ವೀ ಯು’ ಎಂಬ ವಿಡಿಯೋ ಗೇಮ್ ಯಂತ್ರ.

ಇದನ್ನು ತಯಾರಿಸಿದ ನಿಂಟೆಂಡೊ ಸಂಸ್ಥೆಯ ಮೂಲ ಕುತೂಹಲಕರವಾದುದು. 1889ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಫುಸಾಜಿರೊ ಯಮಾಉಚಿ ಎಂಬಾತ ‘ಹನಾಫುಡಾ’ ಎಂಬ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸಲು ಅದನ್ನು ಆರಂಭಿಸಿದ. ಮುಂದೆ ಆಟಿಕೆಗಳು, ಅನಂತರ ಎಲೆಕ್ಟ್ರಾನಿಕ್ ಆಟಗಳು ಬಂದವು. 1983ರಲ್ಲಿ ಜಪಾನಿನಲ್ಲಿ ಬಂದ ಅದರ ಯಂತ್ರದ ಹೆಸರೇ ‘ಫ್ಯಾಮಿಲಿ ಕಂಪ್ಯೂಟರ್’. ಮನೆಮಂದಿಯೆಲ್ಲ ಸುತ್ತ ಕುಳಿತು ಆಡಬೇಕೆಂಬುದು ಈ ಸಂಸ್ಥೆಯ ಹಳೆಯ ಹಂಬಲ. ಅದು ಸಂಪೂರ್ಣವಾಗಿ ಕೈಗೂಡಿದ್ದು 2006ರ ‘ವೀ’ ಯಂತ್ರದಲ್ಲಿ. ಕಡ್ಡಿಯಂಥ ರಿಮೋಟನ್ನು ಬೀಸಿದರೆ ಪರದೆಯ ಮೇಲೆ ಟೆನಿಸ್ ಚೆಂಡು ಹಾರುತ್ತಿತ್ತು. ಗುಂಡಿಗಳ ಗೊಂದಲವಿಲ್ಲದ್ದರಿಂದ ವೃದ್ಧರೂ ಆಡಿದರು. 10 ಕೋಟಿಗೂ ಹೆಚ್ಚು ವೀ ಯಂತ್ರಗಳು ಮಾರಾಟವಾದವು.

ಅದರ ಉತ್ತರಾಧಿಕಾರಿಯಾಗಿ 2012ರ ನವೆಂಬರ್ 18ರಂದು ಅಮೆರಿಕದಲ್ಲಿ ಬಂದದ್ದೇ ವೀ ಯು. ಬೆಲೆ 299 ಮತ್ತು 349 ಡಾಲರ್. ಅದರ ವೈಶಿಷ್ಟ್ಯ ‘ಗೇಮ್‌ಪ್ಯಾಡ್’. ಸ್ಲೇಟಿನ ಹಾಗೆ ಎರಡೂ ಕೈಗಳಲ್ಲಿ ಹಿಡಿಯುವ, ನಡುವೆ 6.2 ಇಂಚಿನ ಸ್ಪರ್ಶಪರದೆಯುಳ್ಳ ಸಾಧನ. ಟಿ.ವಿ.ಯಲ್ಲಿ ಎಲ್ಲರಿಗೂ ಒಂದು ದೃಶ್ಯ, ಈ ಸ್ಲೇಟು ಹಿಡಿದವರಿಗೆ ಮಾತ್ರ ಬೇರೊಂದು ದೃಶ್ಯ! ಹಳೆಯ ವೀ ಯಂತ್ರದ ರಿಮೋಟುಗಳೂ ಇದಕ್ಕೆ ನಡೆಯುತ್ತಿದ್ದವು. ಹೀಗೆ ಒಬ್ಬರು ಸ್ಲೇಟು, ನಾಲ್ವರು ರಿಮೋಟು ಹಿಡಿದು ಐವರು ಒಟ್ಟಿಗೆ ಆಡಬಹುದಾಗಿತ್ತು.

2014ರ ಬೇಸಿಗೆ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ನಾನು ತಮ್ಮನ ಮನೆಗೆ ಹೋಗಿದ್ದೆ. ಅಮ್ಮನಿಗೆ ಆಗ ಎಪ್ಪತ್ತಾರು. ಆಕೆಗೆ ಇಂಗ್ಲಿಷ್ ಬಾರದು. ಇಬ್ಬರು ಮೊಮ್ಮಕ್ಕಳ ಕನ್ನಡ ‘ಅಜ್ಜಿ, ಊಟ ಆಯ್ತಾ?’ ಎಂಬಲ್ಲಿಗೆ ಮುಗಿಯುತ್ತಿತ್ತು. ಹಗಲೆಲ್ಲ ಆಕೆ ಕಿಟಕಿಯ ಬಳಿ ಕುಳಿತು ಜನರಿಲ್ಲದ ರಸ್ತೆಯನ್ನು ನೋಡುತ್ತಿದ್ದರು. ಊರಿಗೆ ಹೋಗುವುದು ಯಾವಾಗ ಎಂದು ಮೊದಲ ವಾರದಲ್ಲೇ ಕೇಳತೊಡಗಿದ್ದರು.

ಒಂದು ಶನಿವಾರ ಸಂಜೆ ಮಕ್ಕಳು ಯಂತ್ರದ ಜೊತೆಗೇ ಬಂದಿದ್ದ ‘ನಿಂಟೆಂಡೊ ಲ್ಯಾಂಡ್’ ಆಟ ಹಾಕಿದರು. ಅದರಲ್ಲೊಂದು ದೆವ್ವದ ಬಂಗಲೆ. ಸ್ಲೇಟು ಹಿಡಿದವರು ದೆವ್ವ. ಉಳಿದವರು ಬ್ಯಾಟರಿ ದೀಪ ಹಿಡಿದು ಹುಡುಕುವವರು. ದೆವ್ವ ಟಿ.ವಿ.ಯಲ್ಲಿ ಯಾರಿಗೂ ಕಾಣುವುದಿಲ್ಲ, ಹತ್ತಿರ ಬಂದಾಗ ಕೈಯಲ್ಲಿನ ರಿಮೋಟು ನಡುಗುತ್ತದೆ, ಅಷ್ಟೆ. ಐದನೆಯವರು ಬೇಕಿತ್ತು. ಹುಡುಗ ಆ ಸ್ಲೇಟನ್ನು ಅಜ್ಜಿಯ ತೊಡೆಯ ಮೇಲಿಟ್ಟು, ಹೆಬ್ಬೆರಳನ್ನು ಹಿಡಿದು ನಡೆಸುವ ಬಗೆ ತೋರಿಸಿದ. ಅಮ್ಮ ಕನ್ನಡಕ ಸರಿಪಡಿಸಿಕೊಂಡು ಟಿ.ವಿ.ಯನ್ನೊಮ್ಮೆ, ಕೈಯಲ್ಲಿನ ಪರದೆಯನ್ನೊಮ್ಮೆ ನೋಡಿದರು.

“ಇವರಿಗೆ ನಾನು ಕಾಣ್ತಾ ಇಲ್ಲವೇನೋ?” ಎಂದು ನನ್ನನ್ನು ಕೇಳಿದರು.

“ಇಲ್ಲಮ್ಮ, ನಿನಗೆ ಮಾತ್ರ ಎಲ್ಲರೂ ಕಾಣ್ತಾರೆ.”

ಮೊದಲೆರಡು ಆಟಗಳಲ್ಲಿ ಅಮ್ಮ ಗೋಡೆಗೇ ಡಿಕ್ಕಿ ಹೊಡೆಯುತ್ತಿದ್ದರು. ಮೂರನೆಯ ಆಟದಲ್ಲಿ ತಮ್ಮನನ್ನು ಹಿಂದಿನಿಂದ ಹಿಡಿದೇಬಿಟ್ಟರು. ಹುಡುಗಿ “ಅಜ್ಜಿ, ಎಲ್ಲಿದ್ದೀರ ಹೇಳಿ!” ಎಂದು ಗೋಗರೆದರೆ, “ಹೇಳಿಬಿಟ್ಟರೆ ಆಟ ಏನು ಬಂತು?” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ನಾವೆಲ್ಲ ಬಾಲ್ಯದಲ್ಲಿ ಆಡಿದ ಕಣ್ಣಾಮುಚ್ಚಾಲೆಯೇ ಅದು. ಮರುದಿನದಿಂದ ಸಂಜೆಯಾದರೆ ಮಕ್ಕಳೇ ಅಜ್ಜಿಯನ್ನು ಕರೆಯತೊಡಗಿದರು. ಎಡ, ಬಲ, ಹಿಂದೆ, ಮುಂದೆ, ಓಡು, ನಿಲ್ಲು, ಸಿಕ್ಕಿಬಿದ್ದೆ – ಆರು ವಾರಗಳಲ್ಲಿ ಆ ಮಕ್ಕಳು ಕಲಿತ ಕನ್ನಡವನ್ನು ನಾನು ಪಾಠ ಮಾಡಿ ಕಲಿಸಲಾಗುತ್ತಿರಲಿಲ್ಲ.

ನಮ್ಮ ಹಜಾರದಲ್ಲಿ ಈ ನಗು ತುಂಬಿದ್ದ ಹೊತ್ತಿಗೆ ಮಾರುಕಟ್ಟೆಯಲ್ಲಿ ಆ ಯಂತ್ರದ ಕಥೆ ಮುಗಿಯುತ್ತ ಬಂದಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. 2014ರ ಮಾರ್ಚ್‌ಗೆ ಮುಗಿಯುವ ಆರ್ಥಿಕ ವರ್ಷದಲ್ಲಿ 90 ಲಕ್ಷ ಯಂತ್ರಗಳು ಮಾರಾಟವಾಗುವುವೆಂದು ಅಂದಾಜಿಸಿದ್ದ ಸಂಸ್ಥೆ, ಅದೇ ಜನವರಿಯಲ್ಲಿ ಅದನ್ನು 28 ಲಕ್ಷಕ್ಕೆ ಇಳಿಸಬೇಕಾಯಿತು. ಕಾರಣಗಳು ಹಲವು. ಹೆಸರೇ ಮೊದಲ ತೊಡಕು: ‘ವೀ ಯು’ ಎಂದರೆ ಹಳೆಯ ವೀ ಯಂತ್ರಕ್ಕೆ ಜೋಡಿಸುವ ಹೊಸ ಸ್ಲೇಟೆಂದೇ ಬಹಳ ಮಂದಿ ಭಾವಿಸಿದರು. ವೀ ಕೊಂಡಿದ್ದ ಸಾಮಾನ್ಯ ಕುಟುಂಬಗಳ ಕೈಗೆ ಅಷ್ಟರಲ್ಲಿ ಸ್ಮಾರ್ಟ್‌ಫೋನು, ಟ್ಯಾಬ್ಲೆಟ್ಟುಗಳು ಬಂದಿದ್ದವು. 2013ರ ಮೊದಲರ್ಧದಲ್ಲಿ ಹೊಸ ಆಟಗಳು ವಿರಳವಾಗಿದ್ದವು. ಅದೇ ನವೆಂಬರಿನಲ್ಲಿ ಹೆಚ್ಚು ಶಕ್ತಿಶಾಲಿಯಾದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಬಂದವು. ಬೇರೆ ಕಂಪನಿಗಳ ಆಟ ತಯಾರಕರು ಒಬ್ಬೊಬ್ಬರಾಗಿ ದೂರ ಸರಿದರು.

ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೋರು ಇವಾಟ ಈ ಸೋಲಿನ ಹೊಣೆಯನ್ನು ತಾವೇ ಹೊತ್ತು, ಐದು ತಿಂಗಳ ಕಾಲ ತಮ್ಮ ವೇತನವನ್ನು ಅರ್ಧಕ್ಕೆ ಇಳಿಸಿಕೊಂಡರು. ನೌಕರರನ್ನು ಮನೆಗೆ ಕಳಿಸಿ ಲೆಕ್ಕ ಸರಿದೂಗಿಸುವುದಕ್ಕೆ ಅವರು ವಿರೋಧಿಯಾಗಿದ್ದರು. ಕೆಲಸ ಹೋಗುವ ಭಯದಲ್ಲಿರುವವರು ಜನರ ಮನಸ್ಸು ಮುಟ್ಟುವ ಆಟ ರಚಿಸಲಾರರು ಎಂಬುದು ಅವರ ನಿಲುವು. 2015ರ ಜುಲೈ 11ರಂದು, ತಮ್ಮ 55ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. 2017ರ ಜನವರಿಯಲ್ಲಿ ವೀ ಯು ತಯಾರಿಕೆ ನಿಂತಿತು. ಒಟ್ಟು ಮಾರಾಟ 1 ಕೋಟಿ 35 ಲಕ್ಷ 60 ಸಾವಿರ. ವೀ ಮಾರಾಟದ ಏಳನೆಯ ಒಂದು ಭಾಗಕ್ಕೂ ಕಡಿಮೆ.

2017ರ ಮಾರ್ಚ್‌ನಲ್ಲಿ ಬಂದ ‘ಸ್ವಿಚ್’ ಯಂತ್ರ ಮಾತ್ರ ದಿಗ್ವಿಜಯ ಸಾಧಿಸಿತು. ಕೈಯಲ್ಲಿ ಹಿಡಿದು ಆಡುವ ಪರದೆಯ ಕಲ್ಪನೆ ವೀ ಯುವಿನಿಂದಲೇ ಅದಕ್ಕೆ ಬಂದ ಬಳುವಳಿ. ವೀ ಯುವಿನಲ್ಲಿ ಸುಮಾರು 84 ಲಕ್ಷ ಮಾರಾಟವಾಗಿದ್ದ ‘ಮಾರಿಯೋ ಕಾರ್ಟ್ 8’ ಆಟ, ಸ್ವಿಚ್‌ಗಾಗಿ ಪರಿಷ್ಕೃತಗೊಂಡು 6 ಕೋಟಿಗೂ ಮೀರಿ ಮಾರಾಟವಾಯಿತು. ಆಟ ಕೆಟ್ಟದ್ದಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಬಳುವಳಿಯಲ್ಲಿ ಒಂದು ವಸ್ತು ಬಿಟ್ಟುಹೋಯಿತು. ಸ್ವಿಚ್‌ನಲ್ಲಿ ಆಟ ಟಿ.ವಿ.ಯಲ್ಲಿ ಕಾಣುವಾಗ ಕೈಯಲ್ಲಿನ ಪರದೆ ಇರುವುದಿಲ್ಲ. ಆದ್ದರಿಂದ ಒಬ್ಬರಿಗೆ ಮಾತ್ರ ಕಾಣುವ ದೃಶ್ಯವನ್ನು ನೆಚ್ಚಿದ್ದ ಆ ದೆವ್ವದ ಬಂಗಲೆ ಅಲ್ಲಿಗೆ ದಾಟಲಿಲ್ಲ.

ಆ ಯಂತ್ರದ ಆನ್‌ಲೈನ್ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತಿತು. ದೂರದವರೊಡನೆ ಆಡುವ ಸೌಲಭ್ಯ 2024ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಎದುರುಬದುರು ಕುಳಿತು ಆಡುವುದಕ್ಕೆ ಇದಾವುದರ ಹಂಗೂ ಇಲ್ಲ. ಅಮ್ಮ 2019ರಲ್ಲಿ ನಮ್ಮನ್ನು ಅಗಲಿದರು. ಕಳೆದ ವರ್ಷ ಕಾಲೇಜಿನಿಂದ ರಜೆಗೆ ಬಂದ ತಮ್ಮನ ಮಗ ಯಂತ್ರದ ಧೂಳು ಒರೆಸಿ ಹಚ್ಚಿ, ಪರದೆಯ ಚಿತ್ರವೊಂದನ್ನು ನನಗೆ ಕಳಿಸಿದ. ಆಟಗಾರರ ಗೊಂಬೆರೂಪಗಳನ್ನು ರಚಿಸಿಡುವ ಅನುಕೂಲ ಅದರಲ್ಲಿದೆ. ಆ ಬೇಸಿಗೆಯಲ್ಲಿ ಮಕ್ಕಳು ರಚಿಸಿದ್ದ ಬಿಳಿಗೂದಲಿನ, ದುಂಡು ಕನ್ನಡಕದ ಪುಟ್ಟ ಹೆಂಗಸು ಅಲ್ಲಿ ಇನ್ನೂ ನಿಂತಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಜ್ಜಿ’ ಎಂದಿತ್ತು. ಜೊತೆಗೆ ಅವನು ಒಂದು ಸಾಲು ಬರೆದಿದ್ದ: “ದೊಡ್ಡಪ್ಪ, ಈ ಸಲ ನೀವು ಬಂದಾಗ ಆಡೋಣ.”