ಲೈಪ್‌ಜಿಗ್ಗಿನ ತರುಣರ ಸಂಗೀತ ಪತ್ರಿಕೆ: ಅದರ ರೂಪವೂ ಶೈಲಿಯೂ

ಯೂರೋಪಿನ ಸಂಗೀತ ವಿಮರ್ಶೆಯ ಚರಿತ್ರೆಯಲ್ಲಿ ೧೮೩೪ನೆಯ ಇಸವಿ ಏಪ್ರಿಲ್ ೩ನೆಯ ತಾರೀಖು ನೆನಪಿನಲ್ಲಿಡತಕ್ಕ ದಿನ. ಅಂದು ಸ್ಯಾಕ್ಸನಿಯ ಲೈಪ್‌ಜಿಗ್ ನಗರದಲ್ಲಿ ‘ನೊಯೆ ಲೈಪ್‌ಜಿಗರ್ ತ್ಸೈಟ್‌ಶ್ರಿಫ್ಟ್ ಫ್ಯೂರ್ ಮ್ಯುಸಿಕ್’, ಎಂದರೆ ‘ಲೈಪ್‌ಜಿಗ್ಗಿನ ಹೊಸ ಸಂಗೀತ ಪತ್ರಿಕೆ’, ಎಂಬ ನಾಲ್ಕು ಪುಟಗಳ ಹಾಳೆಯೊಂದು ಹೊರಬಿದ್ದಿತು. ಅದನ್ನು ಹೊರಡಿಸಿದವರಲ್ಲಿ ಹೆಚ್ಚಿನವರು ಕಲಿಕೆಯ ಕಾಲವನ್ನು ಇನ್ನೂ ಪೂರ್ತಿಯಾಗಿ ದಾಟದ ತರುಣರು. ಅವರಲ್ಲಿ ಮುಖ್ಯನಾದ ರಾಬರ್ಟ್ ಶೂಮಾನನಿಗೆ ಆಗ ಇಪ್ಪತ್ತಮೂರು ವರ್ಷ. ೧೮೨೮ರಲ್ಲಿ ನ್ಯಾಯಶಾಸ್ತ್ರವನ್ನು ಓದಲೆಂದು ಆ ನಗರಕ್ಕೆ ಬಂದಿದ್ದ ಆತನು ಓದನ್ನು ಕೈಬಿಟ್ಟು ಫ್ರೀಡ್ರಿಖ್ ವೀಕನ ಬಳಿ ಪಿಯಾನೋ ಕಲಿಯುತ್ತಿದ್ದನು. ಬಲಗೈಯ ಬೆರಳು ಕೆಟ್ಟುಹೋದುದರಿಂದ ವಾದಕನಾಗುವ ಆಸೆಯೂ ಮುರಿದು ಹೋಗಿದ್ದಿತು. ಈ ಪತ್ರಿಕೆಯು ಸಾರಿದ ಅಭಿಪ್ರಾಯಗಳು ಸುಪ್ರಸಿದ್ಧವಾಗಿವೆ. ಆ ಅಭಿಪ್ರಾಯಗಳನ್ನು ಹೇಳುವುದಕ್ಕಾಗಿ ಆ ತರುಣರು ಕಟ್ಟಿಕೊಂಡ ರೂಪ ಎಂತಹುದು, ಅದು ಎಲ್ಲಿಂದ ಬಂದಿತು, ಏಕೆ ಉಳಿಯಲಿಲ್ಲ ಎಂಬುದು ಅಷ್ಟೇ ವಿಚಾರಾರ್ಹವಾದ ವಿಷಯ.

ಜರ್ಮನಿಯಲ್ಲಿ ಆಗ ಸಂಗೀತ ಪತ್ರಿಕೆಗಳಿಗೆ ಬರವೇನೂ ಇರಲಿಲ್ಲ. ಅದೇ ಲೈಪ್‌ಜಿಗ್ಗಿನಿಂದ ‘ಆಲ್ಗೆಮೈನೆ ಮ್ಯುಸಿಕಾಲಿಷೆ ತ್ಸೈಟುಂಗ್’ ಎಂಬುದು ೧೭೯೮ರಿಂದ ವಾರಕ್ಕೊಮ್ಮೆ ಹೊರಡುತ್ತಿದ್ದಿತು. ೧೮೧೮ರವರೆಗೆ ಅದರ ಸಂಪಾದಕನಾಗಿದ್ದ ರೋಖ್ಲಿಟ್ಸನ ಕಾಲದಲ್ಲಿ ಅದಕ್ಕೆ ಘನವಾದ ಕೀರ್ತಿಯಿದ್ದಿತು. ಬೀಥೋವನನ ಐದನೆಯ ಸಿಂಫನಿಯ ಮೇಲೆ ಹಾಫ್‌ಮನ್ ಬರೆದ ವಿಮರ್ಶೆ ೧೮೧೦ರಲ್ಲಿ ಬಂದುದು ಅದರಲ್ಲಿಯೇ. ೧೮೨೭ರಿಂದ ಅದು ಫಿಂಕನ ಕೈಗೆ ಬಂದಿತು. ಅದರ ಪ್ರಕಾಶಕರಾದ ಬ್ರೈಟ್‌ಕೋಪ್ಫ್ ಮತ್ತು ಹೆರ್ಟೆಲ್ ಸಂಸ್ಥೆಯವರೇ ಸಂಗೀತ ಕೃತಿಗಳನ್ನು ಅಚ್ಚುಮಾಡಿ ಮಾರುವವರು. ಮಾರುವವನೇ ಬೆಲೆಕಟ್ಟಲು ಕುಳಿತಮೇಲೆ ತಕ್ಕಡಿ ಎಷ್ಟು ನೆಟ್ಟಗಿದ್ದೀತು? ಹೊಗಳಿಕೆಯ ಜೇನನ್ನು ಎಲ್ಲರಿಗೂ ಸಮನಾಗಿ ಸವರುವ ಪದ್ಧತಿ ಅಲ್ಲಿ ಬೇರೂರಿತ್ತೆಂಬುದು ತರುಣರ ಆಕ್ಷೇಪಣೆ. ವೇಬರ್, ಬೀಥೋವನ್, ಶೂಬರ್ಟ್ ಮೂವರೂ ೧೮೨೬ರಿಂದ ೧೮೨೮ರೊಳಗೆ ತೀರಿಕೊಂಡಿದ್ದರು. ರಂಗಭೂಮಿಯಲ್ಲಿ ರೊಸ್ಸೀನಿಯೂ ಪಿಯಾನೋಗಳ ಮೇಲೆ ಹೆರ್ಟ್ಸ್, ಹ್ಯೂಂಟೆನ್ ಮೊದಲಾದವರೂ ಮೆರೆಯುತ್ತಿದ್ದರು. ಇದನ್ನು ಕೈಕಟ್ಟಿ ನೋಡುತ್ತಿರಬಾರದೆಂದೇ ಪತ್ರಿಕೆ ಹುಟ್ಟಿತೆಂದು ಶೂಮಾನನು ಬಹುಕಾಲದ ಮೇಲೆ ನೆನೆದಿದ್ದಾನೆ.

ಹೊಸ ಶೈಲಿಯ ಬೀಜ ಮಾತ್ರ ಆ ಹಳೆಯ ಪತ್ರಿಕೆಯಲ್ಲಿಯೇ ಬಿದ್ದಿತೆಂಬುದು ಕೌತುಕದ ಸಂಗತಿ. ೧೮೩೧ನೆಯ ಡಿಸೆಂಬರ್ ೭ರಲ್ಲಿ ಅದು ಷೋಪ್ಯಾನನ ಎರಡನೆಯ ಕೃತಿಯ ಮೇಲೆ ಶೂಮಾನನ ವಿಮರ್ಶೆಯನ್ನು ಪ್ರಕಟಿಸಿತು. ವಿಮರ್ಶೆಯೆನ್ನುವುದಕ್ಕಿಂತ ಅದನ್ನು ಒಂದು ಸಣ್ಣ ಕಥೆಯೆನ್ನಬಹುದು. ಯೂಸೇಬಿಯಸ್ ಎಂಬ ತರುಣನು ಸದ್ದಿಲ್ಲದೆ ಬಾಗಿಲು ತೆರೆದು ಬಂದು ಸ್ವರಲಿಪಿಯ ಪುಸ್ತಕವೊಂದನ್ನು ಮುಂದಿಡುತ್ತಾನೆ. ಫ್ಲೋರೆಸ್ಟಾನನೊಡನೆ ಮಾತುಕತೆ ನಡೆಯುತ್ತದೆ. ಬಳಿಕ ರಾರೋ ಎಂಬ ಹಿರಿಯನ ಅಭಿಪ್ರಾಯವನ್ನು ಕೇಳಲು ಹೋಗುತ್ತಾರೆ. ಅದರ ಜೊತೆಗೆ ಅದೇ ಕೃತಿಯ ಮೇಲೆ ಇನ್ನೊಬ್ಬನು ವಾಡಿಕೆಯ ರೀತಿಯಲ್ಲಿ ಬರೆದ, ಮೆಚ್ಚಿಕೆಯಿಲ್ಲದ ವಿಮರ್ಶೆಯನ್ನೂ ಅಚ್ಚು ಹಾಕಲಾಗಿದ್ದಿತು. ಎರಡು ಯುಗಗಳು ಹೀಗೆ ಅಕ್ಕಪಕ್ಕದಲ್ಲಿ ನಿಂತುದು ಸಂಪಾದಕನ ಉದ್ದೇಶಕ್ಕಿಂತ ಕಾಲದ ವಿನೋದವೆಂದೇ ತೋರುತ್ತದೆ.

ಪತ್ರಿಕೆಯ ಆಲೋಚನೆ ನಡೆದುದು ಕಾಫಿಬೌಮ್ ಎಂಬ ಕಾಫಿಯಂಗಡಿಯ ಮೇಜಿನ ಸುತ್ತ. ೧೮೩೩ರ ಕೊನೆಯಿಂದ ಸಂಜೆಯ ಹೊತ್ತು ಅಲ್ಲಿ ಗೆಳೆಯರು ಕೂಡುತ್ತಿದ್ದರು. ಅವರಲ್ಲಿ ಲುಡ್ವಿಗ್ ಶುಂಕೆ ಶೂಮಾನನ ಓರಗೆಯವನು. ಯೂಲಿಯುಸ್ ಕ್ನೋರ್ ಪಿಯಾನೋ ವಾದಕನು, ಷೋಪ್ಯಾನನ ಆ ಕೃತಿಯನ್ನು ಲೈಪ್‌ಜಿಗ್ಗಿನ ಗೆವಾಂಡ್‌ಹೌಸ್ ಸಭೆಯಲ್ಲಿ ನುಡಿಸಿದವನು. ವೀಕನೊಬ್ಬನೇ ಅವರಿಗೆಲ್ಲ ಹಿರಿಯನು. ಪ್ರಕಾಶನದ ಭಾರವನ್ನು ಹಾರ್ಟ್‌ಮನ್ ಎಂಬ ಪುಸ್ತಕ ವ್ಯಾಪಾರಿ ಹೊತ್ತನು. ಶೂಮಾನನಿಗೆ ಅಚ್ಚಿನ ಕೆಲಸ ಹೊಸದಲ್ಲ. ಆತನ ತಂದೆ ತ್ಸ್ವಿಕೌ ಪಟ್ಟಣದಲ್ಲಿ ಪುಸ್ತಕದಂಗಡಿಯನ್ನಿಟ್ಟು, ಸ್ಕಾಟ್ ಮತ್ತು ಬೈರನ್ ಕವಿಗಳ ಅನುವಾದಗಳನ್ನು ಕಿರುಹೊತ್ತಗೆಗಳಾಗಿ ಪ್ರಕಟಿಸಿದವನು. ಮಗನು ಶಾಲೆಯ ದಿನಗಳಲ್ಲಿಯೇ, ೧೮೨೫ರಲ್ಲಿ, ಸಹಪಾಠಿಗಳ ಸಾಹಿತ್ಯ ಸಂಘವೊಂದನ್ನು ಕಟ್ಟಿದ್ದನು. ಮೇಜು, ಗೆಳೆಯರು, ಓದು, ವಾದ ಇವೆಲ್ಲವೂ ಆತನಿಗೆ ಆಗಿನಿಂದಲೇ ರೂಢಿಯಾದುವು.

ಪತ್ರಿಕೆಯ ಹೊರಮೈಯನ್ನು ನೋಡಿದರೆ ಅದರಲ್ಲಿ ಕ್ರಾಂತಿಯ ಗುರುತೇ ಕಾಣದು. ವಾರಕ್ಕೆ ಎರಡು ಬಾರಿ, ಸಂಚಿಕೆಗೆ ನಾಲ್ಕು ಪುಟ, ಪುಟಕ್ಕೆ ಎರಡು ಅಂಕಣ. ಸಿದ್ಧಾಂತ ಮತ್ತು ಪ್ರಯೋಗದ ಲೇಖನಗಳು, ಸಂಗೀತಕ್ಕೆ ಸಂಬಂಧಿಸಿದ ಕಥೆಗಳು, ವಿಮರ್ಶೆ, ಬಿಡಿ ಬರಹಗಳು, ಊರೂರಿನ ಪತ್ರಗಳು, ಕಾರ್ಯಕ್ರಮಗಳ ವರದಿ—ಪ್ರಕಟಣೆಯಲ್ಲಿ ವಾಗ್ದಾನ ಮಾಡಿದ ಈ ವಿಭಾಗಗಳಲ್ಲಿ ಹೆಚ್ಚಿನವು ಹಳೆಯ ಪತ್ರಿಕೆಗಳಲ್ಲಿಯೂ ಇದ್ದುವು. ಓದುಗನ ಕಣ್ಣಿಗೆ ಪರಿಚಿತವಾದ ಉಡುಪನ್ನೇ ತೊಡಿಸಿದುದು ಬುದ್ಧಿವಂತಿಕೆಯೇ ಸರಿ. ಅಪರಿಚಿತವಾದ ಮಾತನ್ನು ಹೇಳಹೊರಟವರು ವೇಷವನ್ನೂ ಅಪರಿಚಿತವಾಗಿ ಮಾಡಿಕೊಂಡರೆ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಹೊರಮೈಯಲ್ಲಿ ಎದ್ದು ಕಾಣುವ ವಿಶೇಷವೆಂದರೆ ಪ್ರತಿಯೊಂದು ಸಂಚಿಕೆಯ ನೆತ್ತಿಯ ಮೇಲೂ ಅಚ್ಚಾಗುತ್ತಿದ್ದ ಕವಿವಾಕ್ಯ. ಮೊದಲ ಸಂಚಿಕೆಗೆ ಷೇಕ್ಸ್‌ಪಿಯರನ ‘ಎಂಟನೆಯ ಹೆನ್ರಿ’ ನಾಟಕದ ಪ್ರಸ್ತಾವನೆಯಿಂದ ಆರಿಸಿದ ಪಂಕ್ತಿಗಳಿದ್ದುವು. ಬಳಿಕ ಗಯಟೆ, ಝಾನ್ ಪೌಲ್ ಮೊದಲಾದವರು ಬಂದರು. ಇದಕ್ಕಾಗಿ ಶೂಮಾನನು ಸೂಕ್ತಿಗಳ ಸಂಗ್ರಹವನ್ನೇ ಮಾಡಿಕೊಂಡಿದ್ದನು. ಇದು ಬರಿಯ ಅಲಂಕಾರವಲ್ಲ. ಸಂಗೀತವನ್ನು ಕುರಿತ ಬರಹವೂ ಸಾಹಿತ್ಯವೇ, ಅದನ್ನು ಸಾಹಿತ್ಯದ ಅಳತೆಗೋಲಿನಿಂದಲೇ ಅಳೆಯಬೇಕು ಎಂಬ ಹಕ್ಕಿನ ಮಾತನ್ನು ಆ ಪಂಕ್ತಿಗಳು ಮೊದಲೇ ಹೇಳಿಬಿಡುತ್ತಿದ್ದುವು.

ಆದರೆ ಪತ್ರಿಕೆಯ ನಿಜವಾದ ಯೋಜನೆ ಇದ್ದುದು ಅದರ ದನಿಯಲ್ಲಿ. ಹೆಸರಿನ ಕೆಳಗೆ ‘ಕಲಾವಿದರ ಮತ್ತು ಕಲಾಮಿತ್ರರ ಸಂಘದಿಂದ ಪ್ರಕಟಿತ’ ಎಂದಿದ್ದಿತು. ಆ ಸಂಘದೊಳಗೆ ಇನ್ನೊಂದು ಕಲ್ಪಿತ ಸಂಘ: ಅದು ದಾವೀದನ ಬಳಗ. ಬೈಬಲ್ಲಿನ ದಾವೀದನು ಫಿಲಿಸ್ಟೈನರೊಡನೆ ಹೋರಾಡಿದಂತೆ ಈ ಬಳಗವು ಕಲೆಯ ಜಡರೊಡನೆ ಹೋರಾಡತಕ್ಕದ್ದು. ಆವೇಶದ ಫ್ಲೋರೆಸ್ಟಾನ್, ಮೃದುವಾದ ಒಳನೋಟದ ಯೂಸೇಬಿಯಸ್, ಇಬ್ಬರ ನಡುವೆ ತೂಗಿ ನೋಡುವ ರಾರೋ—ಈ ಹೆಸರುಗಳಲ್ಲಿ ಲೇಖನಗಳು ಬಂದುವು. ಮೊದಲಿಬ್ಬರು ಶೂಮಾನನ ಎರಡು ಸ್ವಭಾವಗಳು. ಝಾನ್ ಪೌಲನ ಕಾದಂಬರಿಯ ಅವಳಿ ಸೋದರರಾದ ವಾಲ್ಟ್ ಮತ್ತು ವುಲ್ಟರ ನೆರಳು ಅವರ ಮೇಲೆ ಬಿದ್ದಿದೆ. ರಾರೋವಿನಲ್ಲಿ ಮೊದಮೊದಲು ವೀಕನ ಛಾಯೆಯಿತ್ತು. ಕಾವ್ಯನಾಮವೆಂಬುದು ಕನ್ನಡದ ಓದುಗರಿಗೆ ಹೊಸದಲ್ಲ. ಒಬ್ಬನೇ ಬರಹಗಾರನು ಎರಡು ಹೆಸರುಗಳನ್ನಿಟ್ಟುಕೊಂಡು ತನ್ನೊಡನೆ ತಾನೇ ಬಹಿರಂಗವಾಗಿ ಭಿನ್ನಾಭಿಪ್ರಾಯವನ್ನು ತಾಳುವುದು ಮಾತ್ರ ಹೊಸದು. ಕೆಲವು ಬರಹಗಳಿಗೆ ಬರಿಯ ಅಂಕೆಗಳೇ ರುಜು. ಮುಂದೆ ಸ್ಟೆಫೆನ್ ಹೆಲ್ಲರ್ ‘ಝಾನ್‌ಕಿರಿ’ ಎಂಬ ಹೆಸರಿನಲ್ಲಿ ಬರೆದನು. ಮೆಂಡೆಲ್‌ಸೋನನು ‘ಮೆರಿಟಿಸ್’ ಆಗಿ, ವೀಕನ ಮಗಳು ಕ್ಲಾರಾ ‘ಕಿಯಾರಾ’ ಆಗಿ ಪುಟಗಳಲ್ಲಿ ಸುಳಿದರು. ಮೇಜಿನ ಸುತ್ತ ನಡೆದ ಮಾತು, ಆ ಮಾತಿನ ತಿಕ್ಕಾಟದೊಡನೆಯೇ, ಅಚ್ಚಿಗೆ ಬಂದಿತೆನ್ನಬೇಕು. ಫಿಂಕನ ಪತ್ರಿಕೆಯ ಏಕಸ್ವರದ ಹೊಗಳಿಕೆಗೆ ಇದಕ್ಕಿಂತ ತಕ್ಕ ಉತ್ತರವಿರಲಾರದು: ಒಂದು ಕೃತಿಯನ್ನು ಕುರಿತು ಎರಡು ಮಾತು ಸಾಧ್ಯವೆಂದು ತೋರಿಸಿಕೊಟ್ಟರೆ ಕೊಂಡುಕೊಂಡ ಹೊಗಳಿಕೆ ತಾನಾಗಿಯೇ ಬೆಲೆಗೆಡುತ್ತದೆ.

ಈ ಉಪಾಯದ ಮಿತಿಯೂ ಬೇಗನೆ ಕಂಡಿತು. ೧೮೩೫ರಲ್ಲಿ ಬರ್ಲಿಯೋಜನ ‘ಸಿಂಫನಿ ಫ್ಯಾಂಟಾಸ್ಟಿಕ್’ ಕೃತಿಯನ್ನು, ಲಿಸ್ಟನು ಪಿಯಾನೋವಿಗೆ ಇಳಿಸಿದ್ದ ರೂಪವನ್ನು ಮುಂದಿಟ್ಟುಕೊಂಡು, ಶೂಮಾನನು ಹಲವು ಸಂಚಿಕೆಗಳುದ್ದಕ್ಕೂ ವಿಮರ್ಶಿಸಿದನು. ಮೊದಲ ಭಾಗ ಫ್ಲೋರೆಸ್ಟಾನನದು. ಕಾವ್ಯದ ಉಬ್ಬರದಿಂದ ಕೂಡಿದುದು. ಮುಂದಿನ ಭಾಗಗಳಲ್ಲಿ ಫ್ಲೋರೆಸ್ಟಾನನು ಮರೆಯಾಗುತ್ತಾನೆ. ಶೂಮಾನನೇ ಸ್ವಂತ ಹೆಸರಿನಿಂದ ರೂಪ, ಸ್ವರಮೇಳ, ಭಾವ ಎಂದು ಬಿಡಿಸಿ, ಸ್ವರಲಿಪಿಯ ಉದಾಹರಣೆಗಳನ್ನಿಟ್ಟು ತೂಗುತ್ತಾನೆ. ಬಿಡಿ ಅಚ್ಚುಮೊಳೆಗಳಿಂದ ಸ್ವರಲಿಪಿಯನ್ನು ಜೋಡಿಸುವ ವಿಧಾನವನ್ನು ೧೭೫೫ರ ಸುಮಾರಿಗೆ ಬ್ರೈಟ್‌ಕೋಪ್ಫನು ಅದೇ ನಗರದಲ್ಲಿ ಸುಧಾರಿಸಿದ್ದನು. ಮಾತಿನ ನಡುವೆಯೇ ಸ್ವರಗಳನ್ನು ತೋರಿಸುವ ಅನುಕೂಲ ಹೀಗೆ ಎದುರಾಳಿಯ ಮನೆತನದಿಂದಲೇ ಬಂದಿತು. ದೊಡ್ಡ ಕೃತಿಯೊಂದನ್ನು ಹೊಸ ಓದುಗರಿಗೆ ಒಪ್ಪಿಸಲು ಆವೇಶವೊಂದೇ ಸಾಲದು, ಸಾಕ್ಷ್ಯ ಬೇಕು ಎಂಬುದನ್ನು ಈ ತಿರುವು ಸ್ಪಷ್ಟಪಡಿಸುತ್ತದೆ. ಶೂಮಾನನ ವಿಮರ್ಶೆಗಳಲ್ಲಿ ಇದಕ್ಕೆ ಸಮನಾದುವು ಕೆಲವೇ.

ಅಷ್ಟರಲ್ಲಿ ಮೇಜು ಬರಿದಾಗಿದ್ದಿತು. ಕ್ನೋರನು ಮೊದಲಿಗೆ ಸಂಪಾದಕತ್ವವನ್ನು ವಹಿಸಿದ್ದರೂ ಕಾಯಿಲೆ ಬಿದ್ದನು. ಶುಂಕೆ ಕ್ಷಯರೋಗದಿಂದ ೧೮೩೪ನೆಯ ಡಿಸೆಂಬರ್ ೭ರಂದು ತೀರಿಕೊಂಡನು. ಆತನಿಗಿನ್ನೂ ಇಪ್ಪತ್ತನಾಲ್ಕು ದಾಟಿರಲಿಲ್ಲ. ಹಾರ್ಟ್‌ಮನ್ನನೊಡನೆ ಒಡಂಬಡಿಕೆ ಮುರಿದು, ೧೮೩೫ರ ಆರಂಭದಲ್ಲಿ ಪತ್ರಿಕೆ ಬಾರ್ತ್ ಎಂಬ ಪ್ರಕಾಶಕನಿಗೆ ಸೇರಿತು. ಹೆಸರಿನಿಂದ ‘ಲೈಪ್‌ಜಿಗರ್’ ಎಂಬ ಮಾತು ಬಿದ್ದುಹೋಯಿತು. ಶೂಮಾನನೊಬ್ಬನೇ ಸಂಪಾದಕನಾಗಿ ನಿಂತನು. ಕ್ಲಾರಾಳನ್ನು ಮದುವೆಯಾಗುವ ಮಾತು ಬಂದಮೇಲೆ ವೀಕನು ಶತ್ರುವಾದನು; ವ್ಯಾಜ್ಯ ನ್ಯಾಯಸ್ಥಾನಕ್ಕೆ ಹೋಗಿ ೧೮೪೦ರಲ್ಲಿ ಮುಗಿಯಿತು. ರಾರೋವಿಗೆ ಆಕಾರ ಕೊಟ್ಟವನೇ ಹೀಗೆ ಎದುರು ಪಕ್ಷಕ್ಕೆ ಹೋದಮೇಲೆ ಆ ಹಿರಿಯನ ತಕ್ಕಡಿಯನ್ನು ಯಾರು ಹಿಡಿಯಬೇಕು? ಬಳಗದ ಹೆಸರುಗಳು ಸಂಗೀತಕ್ಕೆ ವಲಸೆ ಹೋದುವು: ‘ಕಾರ್ನವಾಲ್’ ಕೃತಿಯಲ್ಲಿ ಫ್ಲೋರೆಸ್ಟಾನನೂ ಯೂಸೇಬಿಯಸನೂ ಇದ್ದಾರೆ, ೧೮೩೭ರ ‘ದಾವೀದ ಬಳಗದ ಕುಣಿತಗಳು’ ಎಂಬ ಕೃತಿಯ ತುಣುಕುಗಳಿಗೆ ಅವರಿಬ್ಬರದೇ ರುಜು. ಪತ್ರಿಕೆಯಲ್ಲಿ ಮಾತ್ರ ಅವರು ಬರಬರುತ್ತ ವಿರಳವಾದರು. ವಿಯೆನ್ನಾದಲ್ಲಿ ಶೂಬರ್ಟನ ಅಣ್ಣನ ಮನೆಯಲ್ಲಿ ತನ್ನ ಕಣ್ಣಿಗೆ ಬಿದ್ದ ದೊಡ್ಡ ಸಿಂಫನಿಯನ್ನು ಕುರಿತು ಶೂಮಾನನು ೧೮೪೦ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ವೇಷವೂ ಇಲ್ಲ, ಪಾತ್ರಗಳೂ ಇಲ್ಲ. ಒಬ್ಬನೇ ನೇರವಾಗಿ ಮಾತನಾಡುತ್ತಾನೆ. ಗದ್ಯ ಪಕ್ವವಾಗಿದೆ, ಎದುರು ಕುಳಿತು ಅಲ್ಲವೆನ್ನುವ ಗೆಳೆಯನಿಲ್ಲ.

೧೮೪೪ರಲ್ಲಿ ಆತನು ಸಂಪಾದಕತ್ವವನ್ನು ಬಿಟ್ಟನು. ಮರು ವರ್ಷದ ಆರಂಭದಿಂದ ಪತ್ರಿಕೆಯನ್ನು ಫ್ರಾಂಟ್ಸ್ ಬ್ರೆಂಡಲ್ ನಡೆಸಿದನು. ೧೮೫೩ನೆಯ ಅಕ್ಟೋಬರ್ ೨೮ರಂದು ತರುಣ ಬ್ರಾಮ್ಸನನ್ನು ಲೋಕಕ್ಕೆ ಪರಿಚಯಿಸುವ ಲೇಖನದೊಡನೆ ಶೂಮಾನನು ಮತ್ತೊಮ್ಮೆ ಆ ಪುಟಗಳಿಗೆ ಬಂದನು. ಅದೇ ಕಾಲದಲ್ಲಿ ತನ್ನ ಹಳೆಯ ಬರಹಗಳನ್ನು ಆಯ್ದು ನಾಲ್ಕು ಸಂಪುಟಗಳಾಗಿ ಸಿದ್ಧಗೊಳಿಸುತ್ತಿದ್ದನು. ಅವು ೧೮೫೪ರಲ್ಲಿ ಹೊರಬಂದುವು. ಅವುಗಳ ಪೀಠಿಕೆಯಲ್ಲಿ ದಾವೀದನ ಬಳಗವು ಅದನ್ನು ಕಟ್ಟಿದವನ ತಲೆಯೊಳಗೆ ಮಾತ್ರ ಇದ್ದ ಸಂಘವೆಂದು ಹೇಳಿಕೊಂಡಿದ್ದಾನೆ. ಕಾಫಿಬೌಮಿನ ಸಂಜೆಗಳನ್ನು ಬಲ್ಲವರು ಇದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಬರ್ಲಿಯೋಜನ ವಿಮರ್ಶೆಯೂ ಆ ಸಂಪುಟಗಳಲ್ಲಿ ಸೇರಿತು. ಫ್ಲೋರೆಸ್ಟಾನನ ರುಜುವಿದ್ದ ಅದರ ಮೊದಲ ಭಾಗವನ್ನು ಮಾತ್ರ ಶೂಮಾನನು ಕೈಬಿಟ್ಟಿದ್ದನು.