ಗೋಡೆಯ ಹಿಂದಿನ ನ್ಯೂಟ್ರಲ್: ವೈರ್‌ಲೆಸ್ ಸ್ವಿಚ್ ಬೆಳೆದು ಬಂದ ದಾರಿ

ವೈರ್‌ಲೆಸ್ ಸ್ವಿಚ್ ಕೂರಿಸಲು ಹೊರಟವರಿಗೆ ಮೊದಲು ಎದುರಾಗುವುದು ವೈರೇ. ಪೆಟ್ಟಿಗೆಯ ಮೇಲೆ ಆ್ಯಪ್, ವೈ-ಫೈ, ಧ್ವನಿ ಎಂದೆಲ್ಲ ಬರೆದಿರುತ್ತದೆ. ಬೋರ್ಡಿನ ಸ್ಕ್ರೂ ಬಿಚ್ಚಿದ ಎಲೆಕ್ಟ್ರಿಷಿಯನ್ ಮಾತ್ರ ‘ಒಳಗೆ ನ್ಯೂಟ್ರಲ್ ಇದೆಯಾ?’ ಎಂದು ನೋಡುತ್ತಾನೆ. ಮಾಮೂಲಿ ಸ್ವಿಚ್ಚಿಗೆ ನ್ಯೂಟ್ರಲ್ ಬೇಕಿಲ್ಲ. ಫೇಸ್ ತಂತಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಬಲ್ಬಿಗೆ ಹೋಗುತ್ತದೆ, ಸ್ವಿಚ್ ಆ ದಾರಿಯನ್ನು ಕಡಿಯುತ್ತದೆ ಅಥವಾ ಕೂಡಿಸುತ್ತದೆ, ಅಷ್ಟೇ. ವೈರ್‌ಲೆಸ್ ಸ್ವಿಚ್ಚಿನೊಳಗೆ ಒಂದು ರೇಡಿಯೊ ಇದೆ. ದೀಪ ಆರಿದ್ದಾಗಲೂ ಅದು ಕಿವಿ ತೆರೆದಿರಬೇಕು, ಹಾಗಾಗಿ ಹಗಲೂ ರಾತ್ರಿ ಅದಕ್ಕೆ ಒಂದಿಷ್ಟು ಕರೆಂಟು ಬೇಕು. ಆ ಕರೆಂಟು ಎಲ್ಲಿಂದ ಬರಬೇಕು, ‘ಆನ್’ ಎಂಬ ಆಜ್ಞೆ ಮನೆಯೊಳಗೇ ತೀರ್ಮಾನವಾಗಬೇಕೇ ಅಥವಾ ದೂರದ ಸರ್ವರ್‌ಗೆ ಹೋಗಿ ಬರಬೇಕೇ ಎಂಬ ಎರಡು ಪ್ರಶ್ನೆಗಳ ಸುತ್ತಲೇ ಈ ಕ್ಷೇತ್ರ ಐವತ್ತು ವರ್ಷ ತಿರುಗಿದೆ. ರೇಡಿಯೊಗಳ ಹೆಸರು ಬದಲಾಗುತ್ತಲೇ ಬಂದಿದ್ದರೂ ಪ್ರಶ್ನೆಗಳು ಬದಲಾಗಿಲ್ಲ.

ಸ್ವಿಚ್ಚಿನ ‘ಟಕ್’ ಸದ್ದಿಗೂ ಒಂದು ಇತಿಹಾಸವಿದೆ. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಹೆನ್ರಿ ಹೋಮ್ಸ್ ಎಂಬ ಎಂಜಿನಿಯರ್, ಬೆರಳು ನಿಧಾನವಾಗಿ ಒತ್ತಿದರೂ ಒಳಗಿನ ಸ್ಪ್ರಿಂಗ್ ಸಂಪರ್ಕವನ್ನು ಥಟ್ಟನೆ ಕಡಿಯುವ ಸ್ವಿಚ್ ಮಾಡಿದ. ನಿಧಾನವಾಗಿ ಕಡಿದರೆ ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿ ಸ್ವಿಚ್ಚೇ ಸುಟ್ಟುಹೋಗುತ್ತಿತ್ತು. ಮುಂದಿನ ಎರಡು ದಶಕಗಳಲ್ಲಿ ವಿದ್ಯುತ್ತು ನಮ್ಮ ಕಡೆಗೂ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಬ್ರಿಟಿಷರ ಪದ್ಧತಿಯಂತೆ ಸ್ವಿಚ್ ಕೆಳಗೊತ್ತಿದರೆ ದೀಪ ಹತ್ತುವುದು ಇಲ್ಲಿ ರೂಢಿಯಾಯಿತು, ಅಮೆರಿಕದಲ್ಲಿ ಮೇಲಕ್ಕೆತ್ತಬೇಕು. ಅಲ್ಲಿಂದ ಸ್ಮಾರ್ಟ್ ಸ್ವಿಚ್ ತರಿಸಿಕೊಂಡವರು ಕೆಲವು ದಿನ ತಡಕಾಡುವುದು ಇದಕ್ಕೇ.

ಸ್ವಿಚ್ಚಿನೊಳಗೆ ಎಲೆಕ್ಟ್ರಾನಿಕ್ಸ್ ಹೊಕ್ಕಿದ್ದು ವೈರ್‌ಲೆಸ್ಸಿನಿಂದಲ್ಲ, ಡಿಮ್ಮರ್‌ನಿಂದ. ಅದಕ್ಕೂ ಮೊದಲು ಬೆಳಕು ತಗ್ಗಿಸಲು ಬಳಸುತ್ತಿದ್ದ ರಿಯೋಸ್ಟ್ಯಾಟ್ ಉಳಿದ ವಿದ್ಯುತ್ತನ್ನೆಲ್ಲ ಶಾಖವಾಗಿ ಹೊರಹಾಕುತ್ತಿತ್ತು, ಗಾತ್ರವೂ ದೊಡ್ಡದು. 1959ರಲ್ಲಿ ನ್ಯೂಯಾರ್ಕಿನ ಜೋಯಲ್ ಸ್ಪೀರಾ ಅಷ್ಟು ವಿದ್ಯುತ್ ಪೋಲು ಮಾಡದ, ಸಾಮಾನ್ಯ ಸ್ವಿಚ್ ಪೆಟ್ಟಿಗೆಯಲ್ಲೇ ಹಿಡಿಸುವ ಡಿಮ್ಮರ್ ರೂಪಿಸಿದರು. 1961ರಲ್ಲಿ ಅವರು ಕಟ್ಟಿದ ಲುಟ್ರಾನ್ ಕಂಪನಿ ಇಂದಿಗೂ ಈ ಕ್ಷೇತ್ರದ ದೊಡ್ಡ ಹೆಸರು. ಎರಡೇ ತಂತಿಗಳ ನಡುವೆ ಕೂತು, ಬಲ್ಬಿನ ಮೂಲಕವೇ ತನ್ನ ಪಾಲಿನ ಚೂರು ಕರೆಂಟು ಹೀರಿಕೊಳ್ಳುವ ಉಪಾಯಕ್ಕೆ ಡಿಮ್ಮರ್‌ಗಳಿಂದಲೇ ದಾರಿ ತೆರೆಯಿತು. ನ್ಯೂಟ್ರಲ್ ಇಲ್ಲದ ಸ್ಮಾರ್ಟ್ ಸ್ವಿಚ್‌ಗಳೆಲ್ಲ ಆ ದಾರಿಯಲ್ಲೇ ಬಂದವು.

ದೂರದಿಂದ ದೀಪ ಹಚ್ಚುವ ಸಾಧನ ಸಾಮಾನ್ಯರ ಮನೆಗೆ ಬಂದದ್ದು ಸ್ಕಾಟ್ಲೆಂಡಿನಿಂದ. ಗ್ಲೆನ್‌ರಾಥಸ್ ಊರಿನ ಪಿಕೊ ಎಲೆಕ್ಟ್ರಾನಿಕ್ಸ್ 1975ರಲ್ಲಿ ಕೈಗೆತ್ತಿಕೊಂಡ ಹತ್ತನೆಯ ಪ್ರಯೋಗಕ್ಕೆ ಎಕ್ಸ್10 ಎಂದೇ ಹೆಸರು ಉಳಿಯಿತು. 1978ರಿಂದ ಅದು ಅಮೆರಿಕದ ಅಂಗಡಿಗಳಲ್ಲಿ ಸಿಗತೊಡಗಿತು. ಹೊಸ ತಂತಿ ಎಳೆಯುವುದಿಲ್ಲ, ಗೋಡೆಯಲ್ಲಿರುವ ವಿದ್ಯುತ್ ತಂತಿಯ ಮೇಲೇ ಸಂದೇಶ ಕಳಿಸುವುದು ಅದರ ಜಾಣತನ. ಎಸಿ ಅಲೆ ಸೊನ್ನೆಯನ್ನು ದಾಟುವ ಕ್ಷಣದಲ್ಲಿ 120 ಕಿಲೋಹರ್ಟ್ಸ್‌ನ ಪುಟ್ಟ ಮಿಡಿತ ಬಂದರೆ 1, ಬಾರದಿದ್ದರೆ 0. ಹದಿನಾರು ಮನೆ ಸಂಕೇತ, ಹದಿನಾರು ಘಟಕ ಸಂಕೇತ, ಒಟ್ಟು 256 ವಿಳಾಸ. ಒಂದು ಆಜ್ಞೆ ತಲುಪಲು ಹತ್ತಿರ ಹತ್ತಿರ ಒಂದು ಸೆಕೆಂಡ್. ಆದರೆ ಬಹುಪಾಲು ಘಟಕಗಳು ‘ತಲುಪಿತು’ ಎಂದು ಮರಳಿ ಹೇಳುತ್ತಿರಲಿಲ್ಲ. ಟಿವಿಯ ಪವರ್ ಸಪ್ಲೈ ಗದ್ದಲ ಮಾಡಿದರೆ ಸಂದೇಶ ಕಳೆದೇಹೋಗುತ್ತಿತ್ತು. ಮನೆಯೊಳಗೆ ಬೇರೆ ಬೇರೆ ಲೈನ್‌ಗಳಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಇಷ್ಟಾಗಿಯೂ ಅದು ದಶಕಗಟ್ಟಲೆ ಬಾಳಿತು, ಏಕೆಂದರೆ ಅದಕ್ಕೆ ಯಾವ ಕಂಪನಿಯ ಸರ್ವರ್‌ನ ಹಂಗೂ ಇರಲಿಲ್ಲ.

ಹೊಸ ಶತಮಾನ ರೇಡಿಯೊಗಳದ್ದು. 2001ರಲ್ಲಿ ಸೀಮೆನ್ಸ್‌ನಿಂದ ಬೇರೆಯಾಗಿ ಮ್ಯೂನಿಕ್ ಬಳಿ ಹುಟ್ಟಿದ ಎನ್‌ಓಷನ್, ಬೆರಳು ಒತ್ತುವ ಬಲದಿಂದಲೇ ವಿದ್ಯುತ್ ಉತ್ಪಾದಿಸಿ ಸಂದೇಶ ಕಳಿಸುವ, ಬ್ಯಾಟರಿಯೂ ಇಲ್ಲದ ಸ್ವಿಚ್ ತಂದಿತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸೊಗಸಾದ ಎಂಜಿನಿಯರಿಂಗ್ ಅದೇ; ದುಬಾರಿಯಾಗಿ ಕಚೇರಿ ಕಟ್ಟಡಗಳಲ್ಲೇ ಹೆಚ್ಚಾಗಿ ಉಳಿಯಿತು. ಡೆನ್ಮಾರ್ಕಿನ ಝೆನ್ಸಿಸ್ ರೂಪಿಸಿದ ಝಡ್-ವೇವ್, ಹಲವು ಕಂಪನಿಗಳು ಕೂಡಿ 2004ರಲ್ಲಿ ಅಂತಿಮಗೊಳಿಸಿದ ಝಿಗ್‌ಬೀ ಎರಡರಲ್ಲೂ ಒಂದು ಸ್ವಿಚ್ ಪಕ್ಕದ ಸ್ವಿಚ್ಚಿನ ಸಂದೇಶವನ್ನು ಮುಂದಕ್ಕೆ ದಾಟಿಸುವ ಮೆಶ್ ವ್ಯವಸ್ಥೆಯಿದೆ, ತಲುಪಿದ್ದಕ್ಕೆ ರಸೀದಿಯೂ ಬರುತ್ತದೆ. ಭಾರತದಲ್ಲಿ 2005ರಲ್ಲಿ 2.4 ಗಿಗಾಹರ್ಟ್ಸ್ ಮತ್ತು 865ರಿಂದ 867 ಮೆಗಾಹರ್ಟ್ಸ್ ತರಂಗಗಳು ಪರವಾನಗಿಯಿಂದ ಮುಕ್ತವಾದವು. ಆದ್ದರಿಂದ ಇಲ್ಲಿ ಝಡ್-ವೇವ್ 865.2ರಲ್ಲಿ ಮಾತಾಡುತ್ತದೆ, ಅಮೆರಿಕದಲ್ಲಿ 908.42ರಲ್ಲಿ. ಡಲ್ಲಾಸ್‌ನಲ್ಲಿರುವ ಮಗಳು ಪ್ರೀತಿಯಿಂದ ತಂದುಕೊಟ್ಟ ಸ್ವಿಚ್ ಧಾರವಾಡದ ಹಬ್‌ಗೆ, ಅಂದರೆ ಸ್ವಿಚ್‌ಗಳನ್ನು ನಡೆಸುವ ಪೆಟ್ಟಿಗೆಗೆ, ಕೂಡದಿದ್ದರೆ ಅದು ಕೆಟ್ಟಿದೆ ಎಂದಲ್ಲ.

2012ರಲ್ಲಿ ಫಿಲಿಪ್ಸ್ ಹ್ಯೂ ಸ್ಮಾರ್ಟ್ ಬಲ್ಬ್ ಬಂದಾಗ ಕ್ಷೇತ್ರ ಸ್ವಲ್ಪ ದಾರಿ ತಪ್ಪಿತು ಎಂದೇ ನನ್ನ ಅನಿಸಿಕೆ. ಬುದ್ಧಿಯನ್ನು ಸ್ವಿಚ್ಚಿನಿಂದ ಬಲ್ಬಿಗೆ ಒಯ್ದರು. ಬಣ್ಣ ಬದಲಾಯಿತು, ಮಕ್ಕಳಿಗೆ ಖುಷಿಯಾಯಿತು. ಆದರೆ ಅಜ್ಜಿ ಗೋಡೆಯ ಸ್ವಿಚ್ ಆರಿಸಿದೊಡನೆ ಬಲ್ಬಿನ ರೇಡಿಯೊ ಸತ್ತು ಆ್ಯಪ್‌ನಲ್ಲಿ ‘ಆಫ್‌ಲೈನ್’ ಎಂದು ಬರುತ್ತಿತ್ತು. ಗೋಡೆಯ ಸ್ವಿಚ್ ಮುಟ್ಟಬೇಡಿ ಎಂದು ಮನೆಮಂದಿಗೆಲ್ಲ ತಾಕೀತು ಮಾಡಬೇಕಾದ ತಂತ್ರಜ್ಞಾನ ಹೆಚ್ಚು ಕಾಲ ಒಗ್ಗುವುದಿಲ್ಲ. ಬೆರಳೂ ಕೆಲಸ ಮಾಡಬೇಕು, ಫೋನೂ ಕೆಲಸ ಮಾಡಬೇಕು ಎಂದಾದಾಗ ಗಮನ ಮತ್ತೆ ಗೋಡೆಗೆ ಮರಳಿತು. ಅದಕ್ಕೆ ನೆರವಾದದ್ದು 2014ರ ಸುಮಾರಿಗೆ ಶಾಂಘೈನ ಎಸ್‌ಪ್ರೆಸಿಫ್ ಹೊರತಂದ ಇಎಸ್‌ಪಿ8266 ಚಿಪ್. ಉಗುರಿನಷ್ಟಗಲದ ಅಗ್ಗದ ಚೂರಿನಲ್ಲಿ ಇಡೀ ವೈ-ಫೈ. ಬೆಂಕಿಪೊಟ್ಟಣದಷ್ಟು ಚಿಕ್ಕ ಮಾಡ್ಯೂಲನ್ನು ಹಳೆಯ ಸ್ವಿಚ್ಚಿನ ಬೆನ್ನಿಗೇ ಕೂರಿಸುವುದು ಆಗ ಸುಲಭವಾಯಿತು. ಬಲ್ಗೇರಿಯಾದ ಶೆಲ್ಲಿ, ಚೀನಾದ ಸೋನಾಫ್, ನಮ್ಮಲ್ಲಿ ಎಷ್ಟೋ ಹೊಸ ಕಂಪನಿಗಳು ಈ ಹಾದಿಯವೇ.

ಇಲ್ಲಿ ಭಾರತದ ಮನೆಗೆ ಅನಾಯಾಸವಾಗಿ ಒಂದು ಅನುಕೂಲ ಒದಗಿತು. ಅಮೆರಿಕದ ಹಳೆಯ ಮನೆಗಳಲ್ಲಿ ಒಂದು ಪೆಟ್ಟಿಗೆಗೆ ಒಂದೋ ಎರಡೋ ಸ್ವಿಚ್. ನ್ಯೂಟ್ರಲ್ ನೇರ ದೀಪಕ್ಕೆ ಹೋಗಿರುತ್ತದೆ, ಪೆಟ್ಟಿಗೆಗೆ ಬಂದಿರುವುದೇ ಇಲ್ಲ. ಅಲ್ಲಿನ ರಾಷ್ಟ್ರೀಯ ವಿದ್ಯುತ್ ಸಂಹಿತೆ ಸ್ವಿಚ್ ಪೆಟ್ಟಿಗೆಗಳಲ್ಲಿ ನ್ಯೂಟ್ರಲ್ ಇರಬೇಕೆಂದು ಹೇಳಿದ್ದು 2011ರಲ್ಲಿ. ನಮ್ಮಲ್ಲಾದರೋ ಒಂದೇ ಬೋರ್ಡಿನಲ್ಲಿ ನಾಲ್ಕೈದು ಸ್ವಿಚ್, ಫ್ಯಾನಿನ ರೆಗ್ಯುಲೇಟರ್, ಪಕ್ಕದಲ್ಲೇ ಒಂದು ಸಾಕೆಟ್. ಮೊಬೈಲ್ ಚಾರ್ಜಿಗೋ ಇಸ್ತ್ರಿಪೆಟ್ಟಿಗೆಗೋ ಇಟ್ಟ ಆ ಸಾಕೆಟ್ಟಿಗಾಗಿ ನ್ಯೂಟ್ರಲ್ ಎಂದೋ ಬೋರ್ಡಿಗೆ ಬಂದು ಕೂತಿದೆ. ಸಾಕೆಟ್ ಇಲ್ಲದ ಬೋರ್ಡಿನಲ್ಲಿ, ಅದರಲ್ಲೂ ಮೆಟ್ಟಿಲ ಬಳಿಯ ಟೂ-ವೇ ಸ್ವಿಚ್ಚಿನಲ್ಲಿ, ಆ ಭಾಗ್ಯ ಇರುವುದಿಲ್ಲ.

ನ್ಯೂಟ್ರಲ್ ಇಲ್ಲದ ಕಡೆ ಬಲ್ಬಿನ ಮೂಲಕ ಕರೆಂಟು ಹೀರುವ ಸ್ವಿಚ್ ಹಾಕಿದರೆ ಏನಾಗುತ್ತದೆ? 60 ವ್ಯಾಟ್ ತಂತು ಬಲ್ಬಿನ ಕಾಲದಲ್ಲಿ ಏನೂ ಆಗುತ್ತಿರಲಿಲ್ಲ. ಕೆಲವು ಮಿಲಿಆ್ಯಂಪಿಗೆ ತಂತು ಕೆಂಪಗೂ ಆಗುವುದಿಲ್ಲ. ಆದರೆ 2015ರ ಉಜಾಲಾ ಯೋಜನೆ, ಕರ್ನಾಟಕದಲ್ಲಿ ‘ಹೊಸ ಬೆಳಕು’, ಹಳ್ಳಿಹಳ್ಳಿಗೂ ಎಲ್‌ಇಡಿ ಮುಟ್ಟಿಸಿತು. ಎಲ್‌ಇಡಿಯೊಳಗಿನ ಕೆಪ್ಯಾಸಿಟರ್ ಆ ಸೋರಿಕೆಯ ಕರೆಂಟನ್ನೇ ಕೂಡಿಟ್ಟುಕೊಂಡು ಆಗಾಗ ಮಿಣುಕುತ್ತದೆ. ರಾತ್ರಿ ಆರಿಸಿದ ದೀಪ ತಾನೇ ಕಣ್ಣು ಮಿಟುಕಿಸುವುದು ಭೂತವೂ ಅಲ್ಲ, ಹ್ಯಾಕಿಂಗೂ ಅಲ್ಲ. ಬಲ್ಬಿಗೆ ಸಮಾನಾಂತರವಾಗಿ ಕಂಪನಿಯೇ ಕೊಡುವ ಬೈಪಾಸ್ ಕೆಪ್ಯಾಸಿಟರ್ ಹಾಕಿದರೆ ನಿಲ್ಲುತ್ತದೆ.

ಕೂರಿಸುವ ಕೆಲಸ ಬರವಣಿಗೆಯಲ್ಲಿ ಸರಳ. ಎಂಸಿಬಿ ಇಳಿಸು, ಕರೆಂಟಿಲ್ಲವೆಂದು ಮಲ್ಟಿಮೀಟರಿನಿಂದ ಖಾತ್ರಿಮಾಡಿಕೋ, ತಂತಿಗಳ ಫೋಟೊ ತೆಗೆ, ಮಾಡ್ಯೂಲಿನ ಎಲ್‌ಗೆ ಫೇಸ್, ಎನ್‌ಗೆ ನ್ಯೂಟ್ರಲ್, ಔಟ್‌ಗೆ ದೀಪಕ್ಕೆ ಹೋಗುವ ತಂತಿ, ಎಸ್ ಗುರುತಿನ ಕಿಂಡಿಗಳಿಗೆ ಹಳೆಯ ಸ್ವಿಚ್. ತೊಡಕು ಬರುವುದು ಬಣ್ಣಗಳಿಂದ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ನಿಯಮ. ಮನೆ ಕಟ್ಟುವಾಗ ಕೈಗೆ ಸಿಕ್ಕ ಸುರುಳಿಯನ್ನೇ ಎಳೆದ ಎಷ್ಟೋ ಮನೆಗಳಲ್ಲಿ ಎಲ್ಲವೂ ಕೆಂಪು. ನ್ಯೂಟ್ರಲ್ ಸಿಗದಿದ್ದರೆ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿ ‘ನಡೆಯುತ್ತೆ ಬಿಡಿ’ ಎನ್ನುವವರಿದ್ದಾರೆ. ನಡೆಯುತ್ತದೆ, ನಿಜ, ಆದರೆ ಅರ್ಥ್ ಸಂಪರ್ಕ ಎಲ್ಲೋ ಸಡಿಲವಾದ ದಿನ ಗೀಸರಿನ ಮೈಯಲ್ಲಿ ಕರೆಂಟು ಇರುತ್ತದೆ. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬಾರದು. ಇಂಥ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿದ್ದರೇ ವಾಸಿ.

ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೊಂದು ಗಂಟು. ಹಾಲ್‌ನ ಎರಡು ದೀಪ, ಒಂದು ಫ್ಯಾನ್ ಇನ್ವರ್ಟರ್ ಲೈನಿನಲ್ಲಿ, ಉಳಿದವು ಮೇನ್ಸ್‌ನಲ್ಲಿ, ಎಲ್ಲವೂ ಒಂದೇ ಬೋರ್ಡಿನಲ್ಲಿ. ಮಾಡ್ಯೂಲಿನ ಫೇಸನ್ನು ಒಂದು ಲೈನಿನಿಂದ, ನ್ಯೂಟ್ರಲನ್ನು ಇನ್ನೊಂದರಿಂದ ತೆಗೆದುಕೊಂಡರೆ ಹೋದ ಕರೆಂಟು ಅದೇ ದಾರಿಯಲ್ಲಿ ಮರಳುವುದಿಲ್ಲ. ಸೋರಿಕೆ ಕಂಡರೆ ಕರೆಂಟು ಕಡಿಯುವ 30 ಮಿಲಿಆ್ಯಂಪಿನ ಆರ್‌ಸಿಸಿಬಿ ಅದನ್ನು ಸೋರಿಕೆ ಎಂದೇ ತಿಳಿದು ಬೀಳುತ್ತದೆ. ಕರೆಂಟು ಹೋಗಿ ಬಂದಾಗ ಸ್ವಿಚ್ ಯಾವ ಸ್ಥಿತಿಯಲ್ಲಿ ಏಳಬೇಕು ಎಂಬುದನ್ನೂ ಮೊದಲೇ ಹೇಳಿಡಬೇಕು. ಇಲ್ಲದಿದ್ದರೆ ನಡುರಾತ್ರಿ ಕರೆಂಟು ಬಂದಾಗ ಮಲಗುವ ಕೋಣೆಯ ದೀಪಗಳೆಲ್ಲ ಒಟ್ಟಿಗೆ ಹತ್ತಬಹುದು. ಫ್ಯಾನಿಗೆ ಬಲ್ಬಿನ ಡಿಮ್ಮರ್ ಕೊಟ್ಟರೆ ಗುಂಯ್‌ಗುಟ್ಟುತ್ತದೆ. ಹಂತಹಂತದ ಕೆಪ್ಯಾಸಿಟರ್ ರೆಗ್ಯುಲೇಟರ್ ಇರುವ ಮಾಡ್ಯೂಲೇ ಬೇಕು. ಇಲ್ಲಿನ ತಯಾರಕರ ನಿಜವಾದ ಕೊಡುಗೆ ಇದರಲ್ಲಿದೆ.

ಗೋಡೆಯೊಳಗೆ ಹುಗಿದ ಪೆಟ್ಟಿಗೆ ಜಿಐ ತಗಡಿನದಾದರೆ ವೈ-ಫೈ ಮುಂದಿನ ಪ್ಲಾಸ್ಟಿಕ್ ಪ್ಲೇಟಿನ ಮೂಲಕವಷ್ಟೇ ಹೊರಬರಬೇಕು. ಬಹುತೇಕ ಮಾಡ್ಯೂಲುಗಳು 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲವು. ರೂಟರ್ 5 ಗಿಗಾಹರ್ಟ್ಸ್‌ನ ಹೆಸರನ್ನಷ್ಟೇ ಸಾರುತ್ತಿದ್ದರೆ ‘ಕನೆಕ್ಟಿಂಗ್’ ಎಂಬ ಚಕ್ರ ತಿರುಗುತ್ತಲೇ ಇರುತ್ತದೆ. ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ, ದೀಪ ಬೇಗಬೇಗ ಮಿನುಗತೊಡಗಿದಾಗ ಆ್ಯಪ್‌ಗೆ ಪರಿಚಯಿಸುವುದು ಸಾಮಾನ್ಯ ಕ್ರಮ. ಮಾಡ್ಯೂಲಿನ ಮೈಮೇಲಿನ ಕ್ಯೂಆರ್ ಕೋಡನ್ನು ಗೋಡೆಗೆ ಸೇರಿಸುವ ಮೊದಲೇ ಫೋಟೊ ಹೊಡೆದಿಡುವುದು ಒಳ್ಳೆಯದು. ಮುಂದೆ ರೂಟರ್ ಬದಲಾದಾಗ ಅದಕ್ಕಾಗಿ ಬೋರ್ಡು ಬಿಚ್ಚಬೇಕಾಗುವುದಿಲ್ಲ.

ಎರಡನೆಯ ಪ್ರಶ್ನೆ, ಆಜ್ಞೆ ಎಲ್ಲಿ ತೀರ್ಮಾನವಾಗಬೇಕು ಎಂಬುದು, ಚುರುಕಾದದ್ದು ಮಾತು ಕೇಳುವ ಸ್ಪೀಕರ್ ಅಮೆಜಾನ್ ಎಕೋ ಬಂದ ಮೇಲೆ. ಅಮೆರಿಕದಲ್ಲಿ 2014, ಭಾರತದಲ್ಲಿ 2017. ಮಾತಾಡಿ ದೀಪ ಹಚ್ಚುವುದು ಮೋಡಿ ಮಾಡಿತು, ಹಾಗೆಯೇ ಹತ್ತಡಿ ದೂರದ ದೀಪಕ್ಕೆ ಆಜ್ಞೆ ಸಾಗರ ದಾಟಿ ಬರುವುದೂ ರೂಢಿಯಾಯಿತು. 2016ರಲ್ಲಿ ಗೂಗಲ್ ಒಡೆತನದ ನೆಸ್ಟ್ ತಾನು ಕೊಂಡಿದ್ದ ರಿವಾಲ್ವ್ ಹಬ್‌ನ ಸರ್ವರ್ ನಿಲ್ಲಿಸಿದಾಗ ಜನ ಹಣ ಕೊಟ್ಟು ತಂದ ಪೆಟ್ಟಿಗೆ ನಿಷ್ಪ್ರಯೋಜಕವಾಯಿತು. 2022ರ ಏಪ್ರಿಲ್‌ನಲ್ಲಿ ಸ್ಮಾರ್ಟ್ ಸ್ವಿಚ್ ಕಂಪನಿ ಇನ್‌ಸ್ಟಿಯಾನ್‌ನ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ಆರಿದವು. ಬಳಕೆದಾರರೇ ಕೆಲವರು ಸೇರಿ ಅದನ್ನು ಕೊಂಡು ಎಬ್ಬಿಸಬೇಕಾಯಿತು. ಸುರಕ್ಷತೆಯ ಕಥೆಯೂ ಇದೆ: 2016ರಲ್ಲಿ ಗೂಢಲಿಪಿ ತಜ್ಞ ಆದಿ ಶಮೀರ್ ಇದ್ದ ಸಂಶೋಧಕರ ತಂಡ ಡ್ರೋನ್ ಹಾರಿಸಿ ಒಂದು ಕಟ್ಟಡದ ಹ್ಯೂ ಬಲ್ಬುಗಳನ್ನು ಹೊರಗಿನಿಂದಲೇ ತನ್ನ ವಶ ಮಾಡಿಕೊಂಡು ತೋರಿಸಿತು. ಫಿಲಿಪ್ಸ್ ಆ ದೋಷ ಸರಿಪಡಿಸಿತು.

ದೂರದ ಸರ್ವರ್‌ನ ಈ ಹಂಗಿಗೆ ಉತ್ತರ ಎರಡು ಕಡೆಯಿಂದ ಬಂತು. 2013ರಲ್ಲಿ ಪೌಲಸ್ ಸ್ಖೌಟ್ಸೆನ್ ಆರಂಭಿಸಿದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ, ಮನೆಯಲ್ಲೇ ಇರುವ ಪುಟ್ಟ ಕಂಪ್ಯೂಟರಿನಿಂದ ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳನ್ನೂ ನಡೆಸುವ ದಾರಿ ತೋರಿಸಿತು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಇದು ಭಾನುವಾರದ ಹವ್ಯಾಸವೂ ಹೌದು. ಇನ್ನೊಂದು ಉತ್ತರ ಕಂಪನಿಗಳದ್ದು. ಆಪಲ್, ಗೂಗಲ್, ಅಮೆಜಾನ್, ಝಿಗ್‌ಬೀ ಕೂಟ 2019ರ ಕೊನೆಗೆ ಒಟ್ಟಾಗಿ ಹೊರಟು 2022ರ ಅಕ್ಟೋಬರ್‌ನಲ್ಲಿ ಮ್ಯಾಟರ್ 1.0 ಎಂಬ ಸಾಮಾನ್ಯ ಭಾಷೆ ಹೊರತಂದವು. ಅದರಲ್ಲಿ ಆಜ್ಞೆ ಮನೆಯ ಜಾಲದೊಳಗೇ ಸಾಗುತ್ತದೆ, ಇಂಟರ್‌ನೆಟ್ ಹೋದರೂ ದೀಪ ಹತ್ತುತ್ತದೆ. ಅಂದರೆ 1978ರ ಎಕ್ಸ್10ಗೆ ಸಹಜವಾಗಿದ್ದ ಗುಣವನ್ನು ಉದ್ಯಮ ನಾಲ್ಕು ದಶಕ ಸುತ್ತಿಬಂದು ಹೊಸ ಸೌಲಭ್ಯವೆಂದು ಮಾರುತ್ತಿದೆ.

ಕರೆಂಟು ಎಲ್ಲಿಂದ ಬರಬೇಕು ಎಂಬ ಮೊದಲ ಪ್ರಶ್ನೆಗೆ ಮಾತ್ರ ಮ್ಯಾಟರ್ ಬಳಿ ಉತ್ತರವಿಲ್ಲ. ಅದು ಗಾರೆಯೊಳಗೆ ಹುದುಗಿದ ಪೈಪಿನ ವಿಷಯ. ಈಗ ಮನೆ ಕಟ್ಟುತ್ತಿರುವವರು ಸ್ಮಾರ್ಟ್ ಸ್ವಿಚ್ ಕೊಳ್ಳದಿದ್ದರೂ ಎಲೆಕ್ಟ್ರಿಷಿಯನ್‌ಗೆ ಹೇಳಬಹುದಾದದ್ದು ಮೂರು: ಮೆಟ್ಟಿಲ ಸ್ವಿಚ್ಚೂ ಸೇರಿ ಪ್ರತಿ ಪೆಟ್ಟಿಗೆಗೂ ಕಪ್ಪು ತಂತಿ, ಮಾಡ್ಯೂಲ್ ಹಿಡಿಸುವಷ್ಟು ಆಳದ ಪಿವಿಸಿ ಪೆಟ್ಟಿಗೆ, ಇನ್ವರ್ಟರ್ ಲೈನಿಗೆ ಗುರುತು ಹಾಕಿದ ಬೇರೆ ನ್ಯೂಟ್ರಲ್. ಪ್ಲಾಸ್ಟರಿಂಗ್‌ಗೆ ಮೊದಲು ಇದಕ್ಕೆ ತಗಲುವುದು ಇನ್ನಷ್ಟು ಮೀಟರ್ ತಂತಿಯ ಬೆಲೆ. ಬಣ್ಣ ಬಳಿದ ಮೇಲಾದರೆ ಗೋಡೆ ಕೊರೆಯುವ ಕೂಲಿ, ಮತ್ತೆ ಪುಟ್ಟಿ, ಮತ್ತೆ ಬಣ್ಣ.